ಡಬ್ಬಿ ಜಾರದ ಹಾಗೆ, ಗಾಡಿ ವಾಲದ ಹಾಗೆ

ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಪ್ರವಾಸದ ಗಾಡಿಯಲ್ಲಿ ಸಾಮಾನು ಜೋಡಿಸುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಒಳಗೆ ಎರಡು ಮಂಚ, ಅಡುಗೆ ಕಟ್ಟೆ, ಕಪಾಟು ಮಾಡಿಸಿದ್ದೇವೆ. ಮನೆಯ ಕಪಾಟು ಮಾಡಿದ ಬಡಗಿಯೇ ಇದನ್ನೂ ಮಾಡಿದ್ದು, ಕೆಲಸ ಅಚ್ಚುಕಟ್ಟಾಗಿದೆ. ಆದರೆ ಗಾಡಿ ಬಲಕ್ಕೆ ವಾಲುತ್ತದೆ. ಬಲಗಡೆ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ಸರಿಹೋಗುತ್ತೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಸೇರಿಸಬಹುದೇ? (ತಿಪಟೂರಿನ ಓದುಗರು)

ಉತ್ತರ: ಬೇಡ. ಪಟ್ಟಿ ಸೇರಿಸಿದರೆ ವಾಲುವುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಭಾರ ಇದ್ದಲ್ಲೇ ಇರುತ್ತದೆ, ಆ ಕಡೆಯ ಟೈರು, ಬ್ರೇಕು ಅದನ್ನು ಹೊರುತ್ತಲೇ ಇರುತ್ತವೆ. ನೀವು ಕಳಿಸಿದ ನಕ್ಷೆಯಲ್ಲಿ ನೀರಿನ ಟ್ಯಾಂಕು, ಬ್ಯಾಟರಿ, ಸಿಲಿಂಡರು, ಕಪಾಟು ನಾಲ್ಕೂ ಬಲಗಡೆಯ ಗೋಡೆಗೇ ಅಂಟಿಕೊಂಡಿವೆ. ಲೆಕ್ಕ ಹಾಕಿ. 60 ಲೀಟರ್ ನೀರೆಂದರೆ 60 ಕೆ.ಜಿ. ಮನೆಯ ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಸುಮಾರು 55 ಕೆ.ಜಿ. ತುಂಬಿದ ಅಡುಗೆ ಸಿಲಿಂಡರು ಸುಮಾರು 30. ಮುಕ್ಕಾಲು ಇಂಚಿನ (18 ಮಿ.ಮೀ.) ಪ್ಲೈವುಡ್ ಎಂಟಡಿ-ನಾಲ್ಕಡಿಯ ಒಂದು ಶೀಟಿಗೆ 35 ಕೆ.ಜಿ.ಯ ಆಸುಪಾಸು, ಮೂರು ಶೀಟು ಹಿಡಿದಿದ್ದರೆ ನೂರು ದಾಟಿತು. ಒಂದೇ ಮಗ್ಗುಲಿಗೆ 250 ಕೆ.ಜಿ. ನಾಲ್ಕು ಜನ ದೊಡ್ಡವರನ್ನು ಬಲಗಡೆ ಸಾಲಾಗಿ ನಿಲ್ಲಿಸಿಕೊಂಡೇ ಓಡಾಡಿದ ಹಾಗೆ.

ಮೊದಲು ತೂಕ ಮಾಡಿಸಿ. ಡೀಸೆಲ್, ನೀರು, ಪಾತ್ರೆ, ಬಟ್ಟೆ ಎಲ್ಲ ತುಂಬಿಕೊಂಡು, ಹೋಗುವವರೆಲ್ಲ ಕೂತು ಹತ್ತಿರದ ಎಪಿಎಂಸಿ ಬಳಿಯ ವೇಬ್ರಿಡ್ಜಿಗೆ ಹೋಗಿ. ಮೂರು ಸಲ ತೂಗಿಸಬೇಕು: ಇಡೀ ಗಾಡಿ ಒಮ್ಮೆ, ಮುಂದಿನ ಚಕ್ರಗಳಷ್ಟೇ ಒಮ್ಮೆ, ಹಿಂದಿನವಷ್ಟೇ ಒಮ್ಮೆ. ಒಟ್ಟು ತೂಕ ಆರ್‌ಸಿಯಲ್ಲಿ ಬರೆದಿರುವ ಲೇಡನ್ ವೇಟ್ (ಜನ, ಸಾಮಾನು ಸೇರಿದ ಗರಿಷ್ಠ ತೂಕ) ದಾಟಬಾರದು. ಎಡ-ಬಲದ ವ್ಯತ್ಯಾಸಕ್ಕೆ ಮನೆಯ ಟೇಪು ಸಾಕು. ಸಮತಟ್ಟು ನೆಲದಲ್ಲಿ, ನಾಲ್ಕೂ ಟೈರಿನ ಗಾಳಿ ಸರಿಯಾಗಿರುವಾಗ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳತೆ ಹಿಡಿಯಿರಿ. ಎರಡು ಕಡೆಗೂ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸಾಮಾನು ಸ್ಥಳ ಬದಲಿಸಲೇಬೇಕು.

ಏನು ಎಲ್ಲಿಗೆ? ಬ್ಯಾಟರಿ ಎಡಗಡೆಯ ಮಂಚದ ಕೆಳಗೆ ಬರಲಿ, ನೆಲಕ್ಕೆ ತಾಗಿ. ನೀರಿನ ಟ್ಯಾಂಕು ಎರಡು ಚಕ್ರಸಾಲುಗಳ ಮಧ್ಯೆ ಇರಬೇಕು, ಹಿಂಬಾಗಿಲ ಹತ್ತಿರವಲ್ಲ. ನಿಮ್ಮ ಗಾಡಿ 3350 ಮಾದರಿಯದು, ಆದ್ದರಿಂದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3,350 ಮಿ.ಮೀ. ಅಂತರ. ಹಿಂದಿನ ಚಕ್ರದಿಂದ ಒಂದು ಮೀಟರ್ ಆಚೆ 60 ಕೆ.ಜಿ. ಇಟ್ಟರೆ ಹಿಂದಿನ ಚಕ್ರದ ಮೇಲೆ ಬೀಳುವುದು 60 ಅಲ್ಲ, 78. ಮುಂದಿನ ಚಕ್ರದಿಂದ 18 ಕೆ.ಜಿ. ಎತ್ತಿಬಿಡುತ್ತದೆ. ಸ್ಟೀರಿಂಗ್ ಹಗುರವಾಗಿ ತೇಲಿದಂತೆ ಆಗುವುದು ಇದರಿಂದಲೇ. ಒಂದೇ 60 ಲೀಟರ್ ಟ್ಯಾಂಕಿನ ಬದಲು 30ರ ಎರಡನ್ನು ಎಡಕ್ಕೊಂದು ಬಲಕ್ಕೊಂದು ಇಡಿಸಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವುದು ಬೇಡ, ಎರಡಕ್ಕೂ ಒಂದೇ ಪೈಪು ಕೊಟ್ಟು ಸಮನಾಗಿ ಇಳಿಯಲು ಬಿಡಿ. ಆ ಪೈಪಿನ ನಡುವೆ ಒಂದು ವಾಲ್ವ್ ಇರಲಿ, ಓಡುವಾಗ ಮುಚ್ಚಿ. ಇಲ್ಲದಿದ್ದರೆ ತಿರುವಿನಲ್ಲಿ ನೀರೆಲ್ಲ ಒಂದೇ ಕಡೆಗೆ ಹರಿಯುತ್ತದೆ.

ಪ್ಲೈವುಡ್ಡಿನ ವಿಷಯ. ಮನೆಯ ಕಪಾಟಿಗೆ 18 ಮಿ.ಮೀ. ಸರಿ, ಗಾಡಿಗೆ ದಂಡ. ಒಂದಿಂಚಿನ ಅಲ್ಯೂಮಿನಿಯಂ ಚೌಕ ಪೈಪಿನ ಚೌಕಟ್ಟಿಗೆ 6 ಮಿ.ಮೀ. ಹಲಗೆ, ತೂಕ ಹೊರುವ ಕಡೆ ಮಾತ್ರ 12 ಮಿ.ಮೀ. ಸಾಕು. ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಿ ಪಡೆಯಿರಿ, ಬೇರೆಯದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಪದರ ಬಿಡುತ್ತದೆ.

ಸೀಟು ತೆಗೆದು ಮಂಚ ಹಾಕಿರುವುದು ಆರ್‌ಸಿಗೆ ಏರಿದೆಯೇ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ. ಆರ್‌ಟಿಓ ಕಚೇರಿಯಲ್ಲಿ ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ, ಅಪಘಾತದ ಮಾರನೇ ದಿನ ವಿಮೆಯವರ ಮುಂದೆ ಅಲ್ಲ.

ಪ್ರಶ್ನೆ: ತಿರುವು ಬಂದರೆ ಸಾಕು, ಡ್ರಾಗಳೆಲ್ಲ ಬಾಯಿ ತೆರೆದು ಪಾತ್ರೆ ಹೊರಗೆ ಬೀಳುತ್ತವೆ. ಮ್ಯಾಗ್ನೆಟ್ ಹಾಕಿಸಿದೆವು, ಸಾಫ್ಟ್ ಕ್ಲೋಸ್ ಚಾನಲ್ ಹಾಕಿಸಿದೆವು, ಉಪಯೋಗವಾಗಲಿಲ್ಲ. ಜೊತೆಗೆ ಪಾತ್ರೆ ಸದ್ದು ತಲೆ ಚಿಟ್ಟು ಹಿಡಿಸುತ್ತೆ. (ಶ್ರೀನಿವಾಸಪುರದ ಓದುಗರು)

ಉತ್ತರ: ಸಾಫ್ಟ್ ಕ್ಲೋಸ್ ಡ್ರಾವನ್ನು ಮೆಲ್ಲಗೆ ಮುಚ್ಚುತ್ತದೆ, ಬೀಗ ಹಾಕುವುದಿಲ್ಲ. ಬಾಗಿಲಿನ ಸಣ್ಣ ಮ್ಯಾಗ್ನೆಟ್ಟು ಎರಡು-ಮೂರು ಕೆ.ಜಿ. ಎಳೆತಕ್ಕೆ ಬಿಟ್ಟುಕೊಡುತ್ತದೆ. ವೇಗದ ತಿರುವಿನಲ್ಲಿ 10 ಕೆ.ಜಿ. ಡ್ರಾ 4 ಕೆ.ಜಿ.ಯಷ್ಟು ಹೊರಕ್ಕೆ ತಳ್ಳುತ್ತದೆ, ಜೋರು ಬ್ರೇಕು ಹಾಕಿದರೆ 7 ಕೆ.ಜಿ.ಯಷ್ಟು ಮುಂದಕ್ಕೆ. ಹಾಗಾಗಿ ಎಳೆತವನ್ನು ನಂಬಬಾರದು, ಅಡ್ಡ ಕೊಂಡಿ ಬೇಕು. ಒತ್ತಿದರೆ ಒಳಗೆ ಕೂತು ಕೊಂಡಿ ಹಾಕಿಕೊಳ್ಳುವ, ಮತ್ತೆ ಒತ್ತಿದರೆ ಹೊರಬಂದು ಹಿಡಿಯಾಗುವ ಪುಷ್ ಲಾಕ್ ಸಿಗುತ್ತದೆ. ಕೊಳ್ಳುವ ಮೊದಲು ಹಲಗೆಯ ದಪ್ಪ ಹೇಳಿ, ಇಲ್ಲದಿದ್ದರೆ ನಾಲಿಗೆ ಚೌಕಟ್ಟಿಗೆ ತಲುಪುವುದಿಲ್ಲ.

ದುಡ್ಡು ಉಳಿಸಬೇಕೆಂದರೆ ಎರಡಿಂಚಿನ ಟವರ್ ಬೋಲ್ಟು ಸಾಕು, ಆದರೆ ಹಾಕುವ ದಿಕ್ಕು ಗಮನಿಸಿ. ಮೇಲಕ್ಕೆ ತಳ್ಳಿ ಹಾಕುವ ಹಾಗೆ ಕೂರಿಸಿದ ಚಿಲಕ ಅಲುಗಾಟಕ್ಕೆ ತಾನೇ ಇಳಿದು ತೆರೆದುಕೊಳ್ಳುತ್ತದೆ. ಅಡ್ಡಲಾಗಿ ಕೂರಿಸಿದ್ದು ಹತ್ತಿಪ್ಪತ್ತು ಕಿಲೋಮೀಟರಿಗೆ ಎಳ್ಳಷ್ಟೆಳ್ಳಷ್ಟೇ ಸರಿಯುತ್ತದೆ. ಕೆಳಕ್ಕೆ ಬೀಳುವ ಹಾಗೆ ಕೂರಿಸಿದರೆ ಗಾಡಿ ಕುಲುಕಿದಷ್ಟೂ ಭದ್ರ.

ಇನ್ನೂ ಸುಲಭದ ಉಪಾಯ: ಡ್ರಾ ಚಾನಲ್ ಇಲ್ಲದೆ ಹಲಗೆಯ ಮೇಲೆ ಜಾರುವಂಥದಾದರೆ, ಅದರ ತಳದಲ್ಲಿ ಮುಂಭಾಗಕ್ಕೆ 10 ಮಿ.ಮೀ. ಕಚ್ಚು ಕೊಯ್ಯಿಸಿ, ಚೌಕಟ್ಟಿನ ಪಟ್ಟಿಯ ಮೇಲೆ ಕೂರುವಂತೆ ಮಾಡಿಸಿ. ಸ್ವಲ್ಪ ಎತ್ತಿ ಎಳೆದರೆ ಮಾತ್ರ ಬರುತ್ತದೆ. ಭಾರದ ಡ್ರಾಗೆ ಇದೇ ಒಳ್ಳೆಯದು.

ಟೆಲಿಸ್ಕೋಪಿಕ್ ಚಾನಲ್ಲಿನ ಡಬ್ಬದ ಮೇಲೆ 45 ಕೆ.ಜಿ. ಎಂದಿದ್ದರೆ ಗಾಡಿಯಲ್ಲಿ ಅದರ ಅರ್ಧ ಲೆಕ್ಕಕ್ಕೆ ಇಟ್ಟುಕೊಳ್ಳಿ. ಚಾನಲ್ಲನ್ನು ಪ್ಲೈವುಡ್ಡಿನ ಅಂಚಿಗೆ ಮರದ ಸ್ಕ್ರೂನಿಂದ ಬಿಗಿದಿದ್ದರೆ ಒಂದೆರಡು ಪ್ರವಾಸಕ್ಕೇ ತೂತು ಅಗಲವಾಗುತ್ತದೆ. ಆರಪಾರ ಬೋಲ್ಟು, ಹಿಂದೆ ಅಗಲ ವಾಷರು, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು ಹಾಕಿಸಿ. ಕಪಾಟನ್ನು ಗಾಡಿಯ ತಗಡಿಗೆ ಬಿಗಿಯುವಲ್ಲಿಯೂ ಸೆಲ್ಫ್ ಸ್ಕ್ರೂ ನಂಬಬೇಡಿ, ತಗಡಿನ ತೂತಿಗೆ ಕಚ್ಚಿ ಕೂರುವ ರಿವೆಟ್ ನಟ್ಟು ಹಾಕಿಸಿ.

ಸದ್ದಿಗೆ ಕಾರಣ ಲೋಹಕ್ಕೆ ಲೋಹ ತಾಗುವುದು. ಸ್ಟೀಲ್ ಪಾತ್ರೆಯೊಳಗೆ ಅಲ್ಯೂಮಿನಿಯಂ ಪಾತ್ರೆ ಇಟ್ಟು ಎರಡು ಗಂಟೆ ಓಡಾಡಿ ನೋಡಿ, ತಳದಲ್ಲಿ ಬೂದುಗಪ್ಪು ಪುಡಿ ಕೂತಿರುತ್ತದೆ. ಅದು ಸವೆದ ಅಲ್ಯೂಮಿನಿಯಂ. ಮುಂದೆ ಮಾಡುವ ಸಾರಿನೊಳಗೆ ಅದೇ ಸೇರುವುದು. ಪ್ರತಿ ಎರಡು ಪಾತ್ರೆಯ ನಡುವೆ ಹಳೆಯ ಪಂಚೆಯ ತುಂಡು, ಡ್ರಾದ ತಳಕ್ಕೆ ಜಾಲರಿ ರಬ್ಬರ್ ಮ್ಯಾಟು. ತಟ್ಟೆಗಳನ್ನು ಪೇರಿಸದೆ ನಿಲ್ಲಿಸಿ, ಎರಡೂ ಕಡೆಗೆ ಅಡ್ಡಪಟ್ಟಿ ಕೊಡಿ. ಕುಕ್ಕರು, ರುಬ್ಬುವ ಗುಂಡು, ಹಂಚು ಎಂದಿಗೂ ಸೊಂಟಕ್ಕಿಂತ ಮೇಲಿನ ಖಾನೆಗೆ ಹೋಗಬಾರದು. 50 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಒಳಗಿನ ಸಾಮಾನು ತನ್ನ ತೂಕದ ಹದಿನಾಲ್ಕು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 5 ಕೆ.ಜಿ. ಕುಕ್ಕರು ಆಗ 70 ಕೆ.ಜಿ.

ಪ್ರಶ್ನೆ: ಹಿಂಬಾಗಿಲು ಗಟ್ಟಿಯಾಗಿ ಹಾಕಿದ್ದರೂ ಕ್ವಾರಿ ರಸ್ತೆಯಲ್ಲಿ ಹೋಗಿಬಂದರೆ ಹಾಸಿಗೆ, ಬಟ್ಟೆ ಎಲ್ಲ ಧೂಳು. (ಗೌರಿಬಿದನೂರಿನ ಓದುಗರು)

ಉತ್ತರ: ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ. ಚಕ್ರ ಎಬ್ಬಿಸಿದ ಧೂಳು ಅಲ್ಲಿ ಸುಳಿಯುತ್ತಿರುತ್ತದೆ. ಹಿಂದಿನ ಕಿಟಕಿ ತೆರೆದಿದ್ದರೆ ಒಳಗಿನ ಗಾಳಿ ಹೊರಗೆ ಹೋಗಿ ಬಾಗಿಲ ಸಂದಿನಿಂದ ಧೂಳು ಒಳಗೆ ಬರುತ್ತದೆ. ಮಣ್ಣು ರಸ್ತೆಯಲ್ಲಿ ಹಿಂದಿನ ಕಿಟಕಿ ಮುಚ್ಚಿ, ಮುಂದಿನ ಗಾಳಿಕಿಂಡಿ ತೆರೆದು ಬ್ಲೋವರ್ ಹಾಕಿಕೊಳ್ಳಿ. ಒಳಗೆ ಒತ್ತಡ ಹೆಚ್ಚಿದರೆ ಧೂಳಿಗೆ ದಾರಿ ಇಲ್ಲ.

ಬಾಗಿಲ ಅಂಚಿನ ರಬ್ಬರ್ ಪಟ್ಟಿಯ (ಬೀಡಿಂಗ್) ಪರೀಕ್ಷೆಗೆ ಒಂದು ಕಾಗದದ ಚೂರು ಸಾಕು. ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸುಮ್ಮನೆ ಜಾರಿದರೆ ಅಲ್ಲಿ ರಬ್ಬರು ಚಪ್ಪಟೆಯಾಗಿದೆ. ಕೀಲಿನ ಪಕ್ಕ ಮತ್ತು ಕೆಳಮೂಲೆಗಳನ್ನು ಮರೆಯಬೇಡಿ. ಬಹುತೇಕ ಸೋರಿಕೆ ಅಲ್ಲೇ. ನಂಬರ್ ಪ್ಲೇಟ್ ಲೈಟಿನ ವೈರು ಬರುವ ತೂತಿಗೆ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಇಲ್ಲದಿದ್ದರೆ ಬೀಡಿಂಗ್ ಬದಲಿಸಿಯೂ ಲಾಭವಿಲ್ಲ.

ಪ್ರಶ್ನೆ: ಸಿಲಿಂಡರ್ ಮಂಚದ ಕೆಳಗಿನ ಖಾನೆಯಲ್ಲಿ ಮಲಗಿಸಿ ಇಡಬಹುದೇ? ಎತ್ತರ ಸಾಲುತ್ತಿಲ್ಲ. (ತುಮಕೂರಿನ ಓದುಗರು)

ಉತ್ತರ: ಖಂಡಿತ ಇಲ್ಲ. ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ, ಒಲೆಯಲ್ಲಿ ಉರಿ ಭುಗಿಲೇಳುತ್ತದೆ. ಇನ್ನು ಮಂಚದ ಕೆಳಗಂತೂ ಬೇಡವೇ ಬೇಡ. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದ್ದು ನೀರಿನ ಹಾಗೆ ನೆಲದಲ್ಲಿ ಹರಡಿ ನಿಲ್ಲುತ್ತದೆ, ನೀವು ಮಲಗುವ ಮಟ್ಟದಲ್ಲೇ. 2023ರ ಆಗಸ್ಟ್ 26ರಂದು ಮದುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ರೈಲು ಬೋಗಿಯಲ್ಲಿ ನಿಯಮ ಮೀರಿ ಕದ್ದುಮುಚ್ಚಿ ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಜನ ಸತ್ತದ್ದು ನೆನಪಿರಬಹುದು.

5 ಕೆ.ಜಿ.ಯ ಸಣ್ಣ ಸಿಲಿಂಡರು ಕೊಳ್ಳಿ. ಅದಕ್ಕೆ ಹೊರಗಿನಿಂದ ಮಾತ್ರ ತೆರೆಯುವ ತಗಡಿನ ಖಾನೆ ಮಾಡಿಸಿ, ಒಳಗಡೆಗೆ ಒಂದು ಸಂದೂ ಇರಬಾರದು, ಪೈಪು ಬರುವ ತೂತಿಗೂ ಸೀಲು ಬೇಕು. ಖಾನೆಯ ತಳದಲ್ಲಿ 4 ಇಂಚು ಚೌಕದ ತೂತು ಕೊಯ್ದು ಜಾಲರಿ ಹಾಕಿ. ಆ ತೂತಿನ ಕೆಳಗೆ ಸೈಲೆನ್ಸರ್ ಬರಬಾರದು. ಬ್ಯಾಟರಿಗೆ ಬೇರೆಯೇ ಖಾನೆ. ಒಂದು ಕಿಡಿ ಸಾಕು. ಸಿಲಿಂಡರಿಗೆ ಎರಡು ಬೆಲ್ಟು, ಕುತ್ತಿಗೆಯ ಬಳಿ ಒಂದು, ತಳದ ಬಳಿ ಒಂದು. ಗಾಡಿ ಹೊರಡುವ ಮೊದಲು ರೆಗ್ಯುಲೇಟರ್ ಆಫ್ ಮಾಡಿ. ಕುಲುಕಾಟಕ್ಕೆ ಜಾಯಿಂಟು ಸಡಿಲವಾಗುವುದರಿಂದ ಪ್ರತಿ ಪ್ರವಾಸದ ಮೊದಲು ಸೋಪಿನ ನೊರೆ ಹಚ್ಚಿ ನೋಡಿ. ಸಾಧ್ಯವಾದಷ್ಟೂ ಒಲೆಯನ್ನು ಹೊರಗೆ ಇಟ್ಟೇ ಅಡುಗೆ ಮಾಡಿ.

ಪ್ರಶ್ನೆ: ಮಂಚದ ಕೆಳಗಿನ ಖಾನೆಯ ಬಟ್ಟೆ ಮುಗ್ಗುಲು ವಾಸನೆ. ನುಸಿಗುಳಿಗೆ ಹಾಕಿದ್ದೇವೆ. (ಬಂಗಾರಪೇಟೆಯ ಓದುಗರು)

ಉತ್ತರ: ನುಸಿಗುಳಿಗೆಗೂ ತೇವಕ್ಕೂ ಸಂಬಂಧವಿಲ್ಲ. ಮಲಗಿದವರ ಬೆವರು ಹಾಸಿಗೆ ದಾಟಿ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ. ಹಲಗೆಗೆ ಆರಾರು ಇಂಚಿಗೊಂದು ಒಂದಿಂಚಿನ ತೂತು ಕೊರೆಸಿ, ಹಾಸಿಗೆಯ ಕೆಳಗೆ ತೆಂಗಿನ ನಾರಿನ ಚಾಪೆ ಹಾಸಿ. ಗಾಡಿ ಮನೆ ಮುಂದೆ ನಿಂತಿರುವಾಗ ಖಾನೆಗಳ ಬಾಗಿಲು ತೆರೆದೇ ಇರಲಿ.

ಪ್ರಶ್ನೆ: ಜಾಗ ಬೇಕಾದಷ್ಟಿದೆ, ಆದರೆ ಬೇಕಾದದ್ದು ಬೇಕಾದಾಗ ಸಿಗಲ್ಲ. ಅತ್ತೆಯವರು ಉಪ್ಪಿನಕಾಯಿ ಜಾಡಿ ಬಿಟ್ಟು ಬರಲ್ಲ ಅಂತಾರೆ. ಹೇಗೆ ಜೋಡಿಸೋದು? (ಚಿಂತಾಮಣಿಯ ಓದುಗರು)

ಉತ್ತರ: ಸಾಮಾನನ್ನು ಜಾತಿವಾರು ವಿಂಗಡಿಸುವ ಬದಲು ಹೊತ್ತುವಾರು ವಿಂಗಡಿಸಿ. ಗಾಡಿ ನಿಂತ ಮೊದಲ ಐದು ನಿಮಿಷಕ್ಕೆ ಬೇಕಾದದ್ದು: ಗಾಲಿಗೆ ಕೊಡುವ ಮರದ ಗಟ್ಟೆ, ಟಾರ್ಚು, ಚಾಪೆ, ಕುಡಿಯುವ ನೀರು. ಇವು ಬಾಗಿಲ ಪಕ್ಕದ ಖಾನೆಗೆ. ಕಾಫಿ ಸಾಮಾನು ಒಂದೇ ಡಬ್ಬಿಯಲ್ಲಿ: ಪುಡಿ, ಸಕ್ಕರೆ, ಫಿಲ್ಟರು, ಲೈಟರು, ಎರಡು ಲೋಟ. ಬೆಳಗ್ಗೆ ಐದಕ್ಕೆ ಎದ್ದವರು ಉಳಿದವರನ್ನು ಎಬ್ಬಿಸದೆ ಕಾಫಿ ಕುಡಿಯಬಹುದು. ಜಾಕು, ಸ್ಟೆಪ್ನಿ, ವೀಲ್ ಸ್ಪ್ಯಾನರ್ ತೆಗೆಯಲು ಬೇರೇನನ್ನೂ ಇಳಿಸುವಂತಿರಬಾರದು. 2 ಕೆ.ಜಿ.ಯ ಎಬಿಸಿ ಪೌಡರ್ ಬೆಂಕಿನಂದಕ ಬಾಗಿಲ ಹತ್ತಿರ ಇರಲಿ. ಒಲೆಯ ಹಿಂದೆ ಇಟ್ಟರೆ ಬೆಂಕಿ ದಾಟಿಯೇ ಕೈ ಚಾಚಬೇಕಾಗುತ್ತದೆ.

ಡಬ್ಬಿಗಳು ಚೌಕವಾಗಿರಲಿ. ಉರುಟು ಡಬ್ಬಿ ಚೌಕ ಜಾಗದ ನೂರಕ್ಕೆ 21 ಭಾಗ ಹಾಳುಮಾಡುತ್ತದೆ, ಉರುಳುವುದು ಬೇರೆ. ಒಂದು ಡಬ್ಬಿಯ ಹಿಂದೆ ಇನ್ನೊಂದು ಬರುವಷ್ಟು ಆಳದ ಶೆಲ್ಫು ಮಾಡಿಸಬೇಡಿ, ಹಿಂದಿನದು ಮನೆಗೆ ಮರಳಿದ ಮೇಲೆಯೇ ಕಾಣುವುದು. ಶೆಲ್ಫಿನ ಮುಂದೆ ಡಬ್ಬಿಯ ಎತ್ತರದ ಮೂರನೇ ಒಂದು ಭಾಗದಷ್ಟು ಅಡ್ಡಪಟ್ಟಿ ಬೇಕು. ತರಕಾರಿಗೆ, ಬಟ್ಟೆಗೆ ನಿಮ್ಮ ಕಡೆಯ ಮಾರುಕಟ್ಟೆಯ ಟೊಮೆಟೊ ಕ್ರೇಟಿಗಿಂತ ಒಳ್ಳೆಯದು ಯಾವುದೂ ಇಲ್ಲ: ಗಾಳಿ ಆಡುತ್ತದೆ, 15 ಕೆ.ಜಿ. ಹಣ್ಣು ಹೊತ್ತು ಎತ್ತಿ ಎಸೆದರೂ ತಡೆಯುತ್ತದೆ. ಕ್ರೇಟನ್ನು ಮೊದಲು ಕೊಂಡು, ಅಳೆದು, ಸುತ್ತ ಅರ್ಧ ಇಂಚು ಬಿಟ್ಟು ಖಾನೆ ಮಾಡಿಸಿ. ಖಾನೆ ಮಾಡಿಸಿ ಆಮೇಲೆ ಕ್ರೇಟು ಹುಡುಕುವವರೇ ಹೆಚ್ಚು.

ಜಾಡಿ ಮನೆಯಲ್ಲೇ ಇರಲಿ, ಉಪ್ಪಿನಕಾಯಿ ಬರಲಿ. ಒಳಮುಚ್ಚಳವಿರುವ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಮುಕ್ಕಾಲು ಮಾತ್ರ ತುಂಬಿ, ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ನಿಂತಂತೆಯೇ ಇಡಿ. ತಗಡಿನ ಮುಚ್ಚಳ ಬೇಡ, ಉಪ್ಪು-ಹುಳಿಗೆ ತುಕ್ಕು ಹಿಡಿಯುತ್ತದೆ. ರಾಗಿ ಹಿಟ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ. ಕವರಿನಲ್ಲಿಟ್ಟರೆ ಇಲಿಗೆ ಕರೆಯೋಲೆ.

ಪ್ರಶ್ನೆ: ಇಲಿಯ ಮಾತು ಬಂದದ್ದಕ್ಕೆ: ನಿಲ್ಲಿಸಿದ ಗಾಡಿಯ ಖಾನೆಗೆ ಇಲಿ ಎಲ್ಲಿಂದ ಬರುತ್ತದೆ? (ಕುಣಿಗಲ್‌ನ ಓದುಗರು)

ಉತ್ತರ: ಸಿಂಕಿನ ಪೈಪು, ಬ್ಯಾಟರಿಯ ವೈರು ನೆಲ ದಾಟುವ ತೂತುಗಳಿಂದ. ಸಣ್ಣಿಲಿಗೆ ಕಿರುಬೆರಳು ತೂರುವಷ್ಟು ಸಂದು ಸಾಕು. ಫೋಮ್ ತುಂಬಿದರೆ ಕಡಿದು ಬರುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬಿಡಿಸಿ ತುರುಕಿ, ಮೇಲೆ ಸಿಲಿಕೋನ್ ಬಳಿಯಿರಿ. ವೈರಿನ ಸುತ್ತ ಮೊದಲು ರಬ್ಬರ್ ಗ್ರೊಮೆಟ್ ಹಾಕಿ, ಇಲ್ಲದಿದ್ದರೆ ಸ್ಕ್ರಬ್ಬರಿನ ಎಳೆಯೇ ಇನ್ಸುಲೇಶನ್ ಕೊಯ್ಯುತ್ತದೆ.