ರಾತ್ರಿ ಜೋಮು ಹಿಡಿಯುವ ಕೈ: ಅಡಿಕೆ ಸುಲಿಯುವ ಮಹಿಳೆಯೊಬ್ಬರ ಪ್ರಕರಣ

ಮಲೆನಾಡಿನ 46 ವರ್ಷದ ಮಹಿಳೆ. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಾರೆ, ಸುಲಿದಷ್ಟಕ್ಕೇ ಕೂಲಿ. ಆಪ್ತಸಲಹೆಗೆ ಬಂದದ್ದು ನಿದ್ದೆಗೇಡು, ಭಯ ಎಂದು.

"ರಾತ್ರಿ ಎರಡು ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರ ಆಗ್ತದೆ ಮೇಡಂ. ಇಳಿಬಿಟ್ಟು ಕೊಡವಿದ್ರೆ ಸ್ವಲ್ಪ ಹಗುರ. ನಮ್ಮಮ್ಮನಿಗೆ ಲಕ್ವ ಹೊಡೆದಿತ್ತು, ನಂಗೂ ಅದೇ ಶುರುವಾಯ್ತೇನೋ."

ಮನೆಯಲ್ಲಿ ಹೇಳಿರಲಿಲ್ಲ. ಲೋಟ ಕೈಜಾರಿದಾಗಲೆಲ್ಲ ಬೈಸಿಕೊಂಡು ಸುಮ್ಮನಾಗುತ್ತಿದ್ದರು. ಔಷಧಿ ಅಂಗಡಿಯವರು ಕೊಟ್ಟ 'ನರದ ಮಾತ್ರೆ'ಯನ್ನು ತಿಂಗಳುಗಟ್ಟಲೆ ನುಂಗಿದ್ದರು.

ಮೊದಲು ಭಯಕ್ಕೆ ಉತ್ತರ. ಲಕ್ವ ಹಠಾತ್ತನೆ ಬರುತ್ತದೆ: ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ, ಕೈ ಎತ್ತಲಾಗುವುದಿಲ್ಲ. ಹಾಗಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ದಿನಾ ರಾತ್ರಿ ಬಂದು, ಕೊಡವಿದರೆ ಇಳಿಯುವ ಜೋಮಿನ ಲಕ್ಷಣವೇ ಬೇರೆ.

ಯಾವ ಬೆರಳು ಎಂದರೆ "ಇಡೀ ಕೈ" ಅಂದರು. ಹೆಚ್ಚಿನವರು ಹೀಗೇ ಹೇಳುವುದು. ಎಚ್ಚರವಾದಾಗ ಒಂದೊಂದೇ ಬೆರಳು ಮುಟ್ಟಿ ನೋಡಲು ಹೇಳಿದೆವು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಮರಗಟ್ಟಿದ್ದವು. ಕಿರುಬೆರಳಿಗೆ ಏನೂ ಆಗಿರಲಿಲ್ಲ. ಮೀಡಿಯನ್ ನರದ ಎಲ್ಲೆ ಸರಿಯಾಗಿ ಇಷ್ಟೇ. ಈ ನರ ಮಣಿಕಟ್ಟಿನಲ್ಲಿ ಕಾರ್ಪಲ್ ಟನಲ್ ಎಂಬ ಇಕ್ಕಟ್ಟಾದ ಹಾದಿಯಲ್ಲಿ ಸಾಗುತ್ತದೆ. ಕೆಳಗೆ ಮೂಳೆ, ಮೇಲೆ ಗಟ್ಟಿ ಪಟ್ಟಿ, ನಡುವೆ ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳು. ಒಳಗೆ ಬಾವು ಬಂದರೆ ಹಿಗ್ಗಲು ಜಾಗವಿಲ್ಲ, ನರ ನಲುಗುತ್ತದೆ. ಇದನ್ನೇ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿದರೆ ಒತ್ತಡ ಇನ್ನೂ ಏರುತ್ತದೆ. ರಾತ್ರಿಯ ಕಾಟಕ್ಕೆ ಇದೇ ಕಾರಣ.

ವೈದ್ಯರಲ್ಲಿಗೆ ಕಳಿಸಿದೆವು. ಮಣಿಕಟ್ಟನ್ನು 60 ಸೆಕೆಂಡು ಮಡಚಿ ಹಿಡಿಯುವಷ್ಟರಲ್ಲೇ ಜೋಮು ಬಂತು. ನರದ ವೇಗ ಅಳೆಯುವ ಪರೀಕ್ಷೆಯೂ ಅದನ್ನೇ ಹೇಳಿತು. ರಕ್ತದ ಸಕ್ಕರೆ ಸರಿಯಿತ್ತು, ಥೈರಾಯ್ಡ್ ಕುಂದಿದಾಗ ಹೆಚ್ಚುವ ಹಾರ್ಮೋನು ಟಿಎಸ್‌ಎಚ್ ಏರಿತ್ತು. ಬಲ ಹಾಕಿ ಮಣಿಕಟ್ಟು ತಿರುಚುವ ಕೆಲಸ ಒಂದು ಕಡೆ, ಕುಂದಿದ ಥೈರಾಯ್ಡ್ ಇನ್ನೊಂದು ಕಡೆ. ಕೆಲಸವನ್ನಷ್ಟೇ ದೂರಿದ್ದರೆ ಎರಡನೆಯದು ಹಾಗೇ ಉಳಿಯುತ್ತಿತ್ತು. ಮಧುಮೇಹ, ಸಂಧಿವಾತ, ಬೊಜ್ಜು, ಬಸಿರು, ಹಿಂದೆ ಮುರಿದ ಮಣಿಕಟ್ಟು, ಇವನ್ನೂ ವಿಚಾರಿಸಲೇಬೇಕು.

ಹೆಬ್ಬೆರಳ ಬುಡದ ಮಾಂಸ ಕರಗಿರಲಿಲ್ಲವಾದ್ದರಿಂದ ಥೈರಾಯ್ಡ್ ಮಾತ್ರೆಯ ಜೊತೆಗೆ ಆರು ವಾರ ರಾತ್ರಿ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಮಡಚದಂತೆ ನೆಟ್ಟಗೆ ಹಿಡಿಯುವ ಕಟ್ಟು. ಎಡವಟ್ಟಾಗುವುದು ಇಲ್ಲೇ. ಅಂಗಡಿಯ ಎಷ್ಟೋ ಸ್ಪ್ಲಿಂಟುಗಳಲ್ಲಿ ಒಳಗಿನ ಲೋಹದ ಪಟ್ಟಿ ಮೇಲಕ್ಕೆ ಬಾಗಿರುತ್ತದೆ. ಹಾಗೇ ಕಟ್ಟಿಕೊಂಡರೆ ಒತ್ತಡ ಕಡಿಮೆಯಾಗುವ ಬದಲು ಏರಬಹುದು. ಪಟ್ಟಿ ಹೊರತೆಗೆದು ನೆಟ್ಟಗೆ ಮಾಡಿಸಿಕೊಳ್ಳಬೇಕು. ಬೆರಳುಗಳು ಬುಡದವರೆಗೂ ಮಡಚುವಂತಿರಬೇಕು, ಬೆಲ್ಟಿನಡಿ ಒಂದು ಬೆರಳು ತೂರಬೇಕು. ಕ್ರೇಪ್ ಬ್ಯಾಂಡೇಜ್ ಬಿಗಿದು ಕಟ್ಟುವುದು ಸ್ಪ್ಲಿಂಟಿಗೆ ಬದಲಿಯಲ್ಲ.

ಅಂಗಡಿಯ 'ನರದ ಮಾತ್ರೆ'ಯ ಬಗ್ಗೆ ನೇರವಾಗಿಯೇ ಹೇಳಿದೆವು: ಅದರಲ್ಲಿನ ಬಿ6 ವಿಟಮಿನ್ ಇದಕ್ಕೆ ಮದ್ದೆಂದು ಸಾಬೀತಾಗಿಲ್ಲ, ಹೆಚ್ಚು ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಆ ವಿಟಮಿನ್ನೇ ನರಗಳನ್ನು ಕೆಡಿಸಬಹುದು.

ಕೆಲಸ ಬಿಡಿ ಎನ್ನುವುದು ಸುಲಭ, ಕೂಲಿ ಯಾರು ಕೊಡುತ್ತಾರೆ? ಗಂಡನನ್ನು ಕರೆಸಿ, ಪರೀಕ್ಷೆಯ ವರದಿ ಮುಂದಿಟ್ಟು ಮಾತಾಡಿದೆವು. ಇದು ಸೋಗಲ್ಲ ಎಂಬುದು ಮನೆಯವರಿಗೆ ಕಾಗದದಲ್ಲಿ ಕಂಡರೆ ಅರ್ಧ ಜಗಳ ಮುಗಿದಂತೆ. ಕತ್ತಿ ಹರಿತವಾಗಿಡುವುದು, ಅರ್ಧ ಗಂಟೆಗೊಮ್ಮೆ ಕೈ ಬಿಡುವುದು, ಆರಿಸುವ, ಹರಡುವ ಕೆಲಸದೊಂದಿಗೆ ಅದಲುಬದಲು ಮಾಡಿಕೊಳ್ಳುವುದು, ಬಟ್ಟೆ ಹಿಂಡುವುದನ್ನು ಗಂಡ ವಹಿಸಿಕೊಳ್ಳುವುದು ಎಂದು ಒಪ್ಪಂದವಾಯಿತು.

ಆರು ವಾರಕ್ಕೆ ನಿದ್ದೆ ಮರಳಿತು, ಹಗಲಿನ ಜುಮುಜುಮು ಉಳಿಯಿತು. ವೈದ್ಯರು ಸ್ಟಿರಾಯ್ಡ್ ಚುಚ್ಚುಮದ್ದು ಸೂಚಿಸಿದರು. ಉಪಶಮನ ವಾರಗಳಿಂದ ತಿಂಗಳುಗಳವರೆಗೆ ಇರಬಹುದು, ಮತ್ತೆ ಮರುಕಳಿಸಲೂಬಹುದು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ.

ಮುಂದೆ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು ಎಂದಾಗ, "ಆಪರೇಷನ್ನಲ್ಲಿ ನರ ಕಡಿದ್ರೆ ಕೈಯೇ ಹೋಗ್ತದಂತೆ?" ಎಂದರು. ಕತ್ತರಿಸುವುದು ನರವನ್ನಲ್ಲ, ಅದರ ಮೇಲಿನ ಪಟ್ಟಿಯನ್ನು. ಸಾಮಾನ್ಯವಾಗಿ ಕೈಯನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಅದೇ ದಿನ ಮನೆಗೆ ಕಳಿಸುತ್ತಾರೆ. ಹೊಲಿಗೆ ಬಿಚ್ಚುವುದು 10-14 ದಿನಕ್ಕೆ. ಬಲದ ಕೆಲಸಕ್ಕೆ ಆರೆಂಟು ವಾರ ಬೇಕು, ಹಿಡಿತ ಪೂರ್ತಿ ಬರಲು ತಿಂಗಳುಗಳೇ ಹಿಡಿಯಬಹುದು.

ಸದ್ಯ ಅವರು ಚುಚ್ಚುಮದ್ದಿಗೆ ಒಪ್ಪಿದ್ದಾರೆ. ಜೋಮು ಹಗಲಿರುಳೂ ಬಿಡದಿದ್ದರೆ, ರವಿಕೆಯ ಹುಕ್ಕು ಹಾಕಲಾಗದಿದ್ದರೆ, ಹೆಬ್ಬೆರಳ ಬುಡ ಚಪ್ಪಟೆಯಾಗುತ್ತ ಬಂದರೆ ಸುಗ್ಗಿ ಮುಗಿಯಲಿ ಎಂದು ಕಾಯದೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಹೇಳಿ ಕಳಿಸಿದ್ದೇವೆ. ಕರಗಿದ ಆ ಮಾಂಸ ಆಮೇಲೆ ಪೂರ್ತಿ ಮರಳುವುದು ಕಷ್ಟ.