ಮನೆಯಂಗಳದ ಗೆಲುವು ಗೆಲುವಲ್ವಾ ಮೇಷ್ಟ್ರೇ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಕಾಫಿ ರೇಟು ಮತ್ತು ಆನೆ ಕಾಟದ ಬಗ್ಗೆಯೇ ಇವೆ. ಅವನ್ನೆಲ್ಲ ಪಕ್ಕಕ್ಕಿಟ್ಟು ಹಾಸನದ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರ ಪತ್ರಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ಆನೆಗಳು ಎಲ್ಲೂ ಹೋಗುವುದಿಲ್ಲ, ಮುಂದಿನ ತಿಂಗಳೂ ಇರುತ್ತವೆ.

ಕಳೆದ ಸಂಚಿಕೆಯಲ್ಲಿ ದೇಶ ದೇಶಗಳ ತಂಡಗಳು ಆಡುವ ಟೆನಿಸ್ ಪಂದ್ಯಾವಳಿ, 1987ರ ಡೇವಿಸ್ ಕಪ್ ಬಗ್ಗೆ ನಾಲ್ಕು ಪುಟ ಹಾಕಿದ್ದೆವು. ಭಾರತದ ಟೆನಿಸ್ ತಂಡ ಫೈನಲ್ ತನಕ ಹೋದ ವರ್ಷ ಅದು. ಮೇಷ್ಟ್ರಿಗೆ ಅದು ಹಿಡಿಸಲಿಲ್ಲ. ಪತ್ರ ಉದ್ದ ಇದೆ, ತಿರುಳು ಇಷ್ಟು: "ದೆಹಲಿಯ ಹುಲ್ಲಿನ ಅಂಕಣದಲ್ಲಿ ನಮಗೆ ಬೇಕಾದ ಹಾಗೆ ನೆಲ ಮಾಡಿಕೊಂಡು ಗೆದ್ದೆವು. ಫೈನಲ್‌ಗೆ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋದ ಕೂಡಲೇ 5-0 ಸೋಲು. ಅಲ್ಲಿಗೆ ನಮ್ಮ ನಿಜವಾದ ಬೆಲೆ ಗೊತ್ತಾಯಿತು. ಮನೆಯಂಗಳದಲ್ಲಿ ಗೆಲ್ಲುವುದು ಗೆಲುವಲ್ಲ. ಈಗಿನ ಹಾಗೆ ಎಲ್ಲ ದೇಶಗಳನ್ನೂ ಒಂದೇ ಊರಿಗೆ ಕರೆಸಿ, ಒಂದೇ ನೆಲದಲ್ಲಿ, ಮೂರು ಸೆಟ್‌ಗಳಲ್ಲಿ ಆಡಿಸಿ ಮುಗಿಸುವುದೇ ನ್ಯಾಯ. ನೀವು ಸುಮ್ನೆ ಹಳೇ ಕಾಲಕ್ಕೆ ಜೋತು ಬಿದ್ದಿದ್ದೀರಿ."

ಮೇಷ್ಟ್ರೇ, ಆಟಗಾರರಿಗೆ ಸುಸ್ತಾಗುತ್ತದೆ ಅನ್ನುವ ನಿಮ್ಮ ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಳೇ ಪದ್ಧತಿಯಲ್ಲಿ ಶುಕ್ರವಾರ ಎರಡು ಸಿಂಗಲ್ಸ್, ಶನಿವಾರ ಡಬಲ್ಸ್, ಭಾನುವಾರ ಮತ್ತೆ ಎರಡು ಸಿಂಗಲ್ಸ್. ಗೆಲುವು ತೀರ್ಮಾನ ಆಗುವ ತನಕ ಎಲ್ಲವೂ ಐದು ಸೆಟ್‌ಗಳ ಆಟ. 1989ಕ್ಕೆ ಮುಂಚೆ, 6-6 ಆದಾಗ ಸೆಟ್ಟನ್ನು ಬೇಗ ಮುಗಿಸುವ ಟೈಬ್ರೇಕರ್ ಕೂಡ ಇರಲಿಲ್ಲ. ಕಪ್ ಬೇಕಾದರೆ ವರ್ಷಕ್ಕೆ ನಾಲ್ಕು ಸಲ ಹೀಗೆ ಬೆವರು ಹರಿಸಬೇಕಿತ್ತು. ದೊಡ್ಡ ಹೆಸರಿನವರು ನೆಪ ಹೇಳಿ ನುಣುಚಿಕೊಳ್ಳುತ್ತಿದ್ದದ್ದೂ ಸುಳ್ಳಲ್ಲ. ಲೈನ್ ಅಂಪೈರ್‌ಗಳು ತವರಿನವರ ಪರ ವಾಲುತ್ತಿದ್ದರು ಎಂದು ಬರೆದಿದ್ದೀರಿ, ಅದೂ ಸುಳ್ಳಲ್ಲ. 1972ರ ಫೈನಲ್ ಬುಕಾರೆಸ್ಟ್‌ನಲ್ಲಿ ನಡೆದಾಗ ರೊಮೇನಿಯಾದ ಅಂಪೈರ್‌ಗಳ ಮೇಲೆ ಅಮೆರಿಕದವರು ಮಾಡಿದ ದೂರು ಇವತ್ತಿಗೂ ಪುಸ್ತಕಗಳಲ್ಲಿ ಓದಲು ಸಿಗುತ್ತದೆ. ಆದರೂ ಸ್ಟಾನ್ ಸ್ಮಿತ್ ಗೆದ್ದರು, ಅಮೆರಿಕ 3-2ರಿಂದ ಕಪ್ ಒಯ್ದಿತು. ಆಯ್ತಾ? ನನ್ನ ಒಪ್ಪಿಗೆ ಇಲ್ಲಿಗೆ ಮುಗಿಯಿತು. ಇನ್ನು ಜಗಳ.

ನಿಮ್ಮ ಲೆಕ್ಕದಲ್ಲಿ ದೆಹಲಿ ಇದೆ, ಗೋಥೆನ್‌ಬರ್ಗ್ ಇದೆ. ಮಧ್ಯದ ಸಿಡ್ನಿ ಎಲ್ಲಿ ಹೋಯಿತು ಮೇಷ್ಟ್ರೇ? ಅಕ್ಟೋಬರ್‌ನಲ್ಲಿ ಸೆಮಿಫೈನಲ್ ಆಡಿದ್ದು ಸಿಡ್ನಿಯಲ್ಲಿ. ಎದುರಿಗೆ ಆಸ್ಟ್ರೇಲಿಯಾ. ಹುಲ್ಲು ಅವರದ್ದು, ಜನ ಅವರದ್ದು, ಕೂಗು ಅವರದ್ದು. ಎರಡೂ ಕಡೆ 2-2 ಆಗಿ, ಕೊನೆಯ ಪಂದ್ಯದಲ್ಲಿ ರಮೇಶ್ ಕೃಷ್ಣನ್ ವಾಲಿ ಮಾಸೂರ್ ಅವರನ್ನು ಒಂದು ಸೆಟ್ಟೂ ಬಿಡದೆ ಸೋಲಿಸಿದರು. ರಮೇಶ್ ಆಟ ನೋಡಿದವರಿಗೆ ಗೊತ್ತು. ಸರ್ವ್‌ನಲ್ಲಿ ಬಿರುಸಿಲ್ಲ, ಮುಖದಲ್ಲಿ ಸಿಟ್ಟಿಲ್ಲ. ಚೆಂಡನ್ನು ಎಲ್ಲಿ ಇಡಬೇಕೋ ಅಲ್ಲಿ ಇಟ್ಟು ಬರುತ್ತಿದ್ದರು, ಅಷ್ಟೆ. ಇಡೀ ವರ್ಷದ ಬೆಸ್ಟ್ ಗೆಲುವು ಅದು. ಅದನ್ನು ನಿಮ್ಮ ಪತ್ರ ಸದ್ದಿಲ್ಲದೆ ನುಂಗಿಬಿಟ್ಟಿದೆ.

ದೆಹಲಿಯೂ ನೀವು ಹೇಳುವಷ್ಟು ಸಲೀಸಾಗಿರಲಿಲ್ಲ. ಮಾರ್ಚ್‌ನಲ್ಲಿ ಅರ್ಜೆಂಟೀನಾ ಬಂದಾಗ ಭಾರತ ಸೋಲಿನ ಅಂಚಿನಲ್ಲಿತ್ತು. ವಿಜಯ್ ಅಮೃತರಾಜ್‌ಗೆ ಆಗ 33 ವರ್ಷ. ಸಿನಿಮಾದಲ್ಲೂ ಮುಖ ತೋರಿಸಿ ಆಗಿತ್ತು. ಟೆನಿಸ್ ಕಡೆಯಿಂದ ಹೆಚ್ಚಿನವರು ಅವರ ಆಸೆ ಬಿಟ್ಟಿದ್ದರು. ಅಂಥವರು ಮಾರ್ಟಿನ್ ಜೈಟೆ ಎದುರು, ಇನ್ನೊಂದು ಪಾಯಿಂಟ್ ಹೋದರೆ ಸೋಲು ಅನ್ನುವ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಐದು ಸೆಟ್ ಆಡಿ ಗೆದ್ದರು. ಹುಲ್ಲು ಹಾಕಿಕೊಟ್ಟರೆ ಚೆಂಡು ತಗ್ಗಿನಲ್ಲಿ ಜಾರಿಕೊಂಡು ಬರುತ್ತದೆ, ನಮ್ಮವರಿಗೆ ಅದು ಅನುಕೂಲ, ನಿಜ. ಆದರೆ ಮ್ಯಾಚ್ ಪಾಯಿಂಟನ್ನು ಹುಲ್ಲು ಉಳಿಸಿಕೊಡುವುದಿಲ್ಲ. ಮಕ್ಕಳಿಗೆ ಆಟ ಕಲಿಸಿದ ನಿಮಗೆ ಇದನ್ನು ನಾನು ಹೇಳಬೇಕಾ?

ಜುಲೈನಲ್ಲಿ ಇಸ್ರೇಲ್ ತಂಡ ದೆಹಲಿಗೆ ಬಂತು. ಆ ದೇಶದ ಜೊತೆ ನಮಗೆ ಪೂರ್ತಿ ರಾಜತಾಂತ್ರಿಕ ಸಂಬಂಧ ಶುರುವಾಗಿದ್ದೇ 1992ರಲ್ಲಿ. ಅದಕ್ಕೆ ಐದು ವರ್ಷ ಮುಂಚೆ ಅವರ ಆಟಗಾರರು ನಮ್ಮ ರಾಜಧಾನಿಯ ಹುಲ್ಲಿನ ಮೇಲೆ ಆಡಿ, ಸೋತು, ವಾಪಸ್ ಹೋದರು. ಒಂದು ತಟಸ್ಥ ಊರಿನಲ್ಲಿ ಆಡಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇನ್ನು ಗೋಥೆನ್‌ಬರ್ಗ್. ಡಿಸೆಂಬರ್ ತಿಂಗಳು. ನಮ್ಮ ಚಿಕ್ಕಮಗಳೂರು ಕಡೆ ಅರೇಬಿಕಾ ಕಾಫಿ ಕೊಯ್ಲು ಜೋರಾಗಿ ನಡೆಯುವ ಹೊತ್ತು, ಸ್ವೀಡನ್ನಿನಲ್ಲಿ ಕೊರೆಯುವ ಚಳಿ. ಸ್ವೀಡನ್ನಿನವರು ಏನು ಮಾಡಿದರು? ಐಸ್‌ಹಾಕಿ ಆಟದ ಒಳಾಂಗಣಕ್ಕೆ ಮಣ್ಣು ಹೊತ್ತು ತಂದು ಕೋರ್ಟ್ ಕಟ್ಟಿದರು. ಮಣ್ಣಿನಲ್ಲಿ ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತದೆ. ಮ್ಯಾಟ್ಸ್ ವಿಲಾಂಡರ್ ಅಂಥವರಿಗೆ ಅದು ಹಬ್ಬ. ಆ ವರ್ಷ ಫ್ರೆಂಚ್ ಓಪನ್, ಅಮೆರಿಕನ್ ಓಪನ್ ಎರಡರಲ್ಲೂ ಫೈನಲ್ ಆಡಿದ್ದವರು ಅವರು. ನಾವು 5-0 ಸೋತೆವು. ಸೋತದ್ದಕ್ಕೆ ನನಗೆ ಬೇಜಾರಿದೆ. ಅವರು ಮಣ್ಣು ಸುರಿದರು ಅಂತ ಒಂಚೂರೂ ಸಿಟ್ಟಿಲ್ಲ. ಅವರ ಅಂಗಳ, ಅವರ ಆಯ್ಕೆ. ದೆಹಲಿಯಲ್ಲಿ ನಾವು ಮಾಡಿದ್ದನ್ನೇ ಅವರು ಅಲ್ಲಿ ಮಾಡಿದರು.

ನೀವು ಮರೆತ ನಿಯಮ ಒಂದಿದೆ. ಎರಡು ದೇಶಗಳು ಹಿಂದಿನ ಸಲ ಎಲ್ಲಿ ಆಡಿದ್ದವೋ, ಈ ಸಲ ಅದಕ್ಕೆ ಉಲ್ಟಾ. ಒಮ್ಮೆ ನಿಮ್ಮ ಮನೆಯಲ್ಲಿ, ಇನ್ನೊಮ್ಮೆ ನಮ್ಮ ಮನೆಯಲ್ಲಿ. ಬೀಗರ ಮನೆ ಊಟದ ಹಾಗೆ. ಇದಕ್ಕಿಂತ ಬೇರೆ ನ್ಯಾಯ ಯಾವುದು? ಒಂದೇ ಊರು, ಒಂದೇ ನೆಲ ಅನ್ನುತ್ತೀರಲ್ಲ, ಆ ಊರು, ಆ ನೆಲ ಯಾರದ್ದು? ಯಾರ ಹತ್ತಿರ ದೊಡ್ಡ ಒಳಾಂಗಣ ಇದೆಯೋ, ದುಡ್ಡಿದೆಯೋ ಅವರದ್ದು. 2019ರಲ್ಲಿ ಎಲ್ಲರನ್ನೂ ಮ್ಯಾಡ್ರಿಡ್‌ಗೆ ಕರೆಸಿದರು. ಕಪ್ ಗೆದ್ದದ್ದು ಯಾರು? ಸ್ಪೇನ್. ಹಾಗಾದರೆ ಮನೆಯಂಗಳ ಎಲ್ಲಿ ಹೋಯಿತು? ಒಬ್ಬರಿಗೆ ಉಳಿಯಿತು, ಮಿಕ್ಕವರಿಗೆ ಹೋಯಿತು.

ಆ ಬದಲಾವಣೆ ಹೇಗೆ ಬಂತು ಅನ್ನುವುದನ್ನೂ ಕೇಳಿ. 2018ರ ಆಗಸ್ಟ್‌ನಲ್ಲಿ ಒರ್ಲಾಂಡೊದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ವೋಟು ಹಾಕಿ ಹಳೇ ಪದ್ಧತಿಯನ್ನು ಮುಗಿಸಿತು. ಹಿಂದೆ ನಿಂತಿದ್ದದ್ದು ಕೋಸ್ಮೋಸ್ ಎಂಬ ಕಂಪನಿ. ಅದರ ಮುಂದಾಳು ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆ. 25 ವರ್ಷ, 300 ಕೋಟಿ ಡಾಲರ್ ಅಂತ ಮಾತು. ಮೊದಲ ವರ್ಷವೇ ಮ್ಯಾಡ್ರಿಡ್‌ನಲ್ಲಿ ಅಮೆರಿಕ ಮತ್ತು ಇಟಲಿಯ ಡಬಲ್ಸ್ ಮುಗಿದಾಗ ಬೆಳಗಿನ ಜಾವ 4 ಗಂಟೆ ದಾಟಿತ್ತು. ಆಟಗಾರರ ಸುಸ್ತಿನ ಬಗ್ಗೆ ಕಣ್ಣೀರು ಹಾಕಿದ್ದೀರಲ್ಲ, ಇದಕ್ಕೇನು ಹೇಳುತ್ತೀರಿ? 2023ರ ಜನವರಿಗೆ ಆ ಒಪ್ಪಂದವೇ ಮುರಿದುಬಿತ್ತು. 25 ವರ್ಷದ ಮದುವೆ ಐದು ವರ್ಷವೂ ಬಾಳಲಿಲ್ಲ. ಈಗ ನೋಡಿ, 2025ರಿಂದ ಸೆಪ್ಟೆಂಬರ್ ಸುತ್ತನ್ನು ಮತ್ತೆ ತವರು ಅಂಗಳಗಳಿಗೆ ಕೊಟ್ಟಿದ್ದಾರೆ. ಕೊನೆಯ ಎಂಟು ತಂಡ ಮಾತ್ರ ಒಂದು ಊರಿನಲ್ಲಿ ಸೇರುತ್ತವೆ. ಆ ವರ್ಷ ಆ ಊರು ಬೊಲೋನ್ಯಾ, ಕಪ್ ಇಟಲಿಗೆ. ನಾನು ಏನೂ ಹೇಳುವುದಿಲ್ಲಪ್ಪ.

ತಟಸ್ಥ ಊರು ಅಂದರೆ ಹೇಗಿರುತ್ತದೆ ಅನ್ನುವುದು ನಮಗೇ ಗೊತ್ತಿದೆ. 2019ರಲ್ಲಿ ನಾವು ಪಾಕಿಸ್ತಾನದ ಜೊತೆ ಇಸ್ಲಾಮಾಬಾದ್‌ನಲ್ಲಿ ಆಡಬೇಕಿತ್ತು. ಭದ್ರತೆಯ ಕಾರಣ ಹೇಳಿ ಅದನ್ನು ಕಜಕಿಸ್ತಾನದ ರಾಜಧಾನಿಗೆ ಸಾಗಿಸಿದರು. ನಾವು 4-0 ಗೆದ್ದೆವು. ಯಾರಿಗಾದರೂ ನೆನಪಿದೆಯಾ? ನೂರು ಜನರನ್ನು ಕೇಳಿ ನೋಡಿ. ಅದೇ 2024ರ ಫೆಬ್ರುವರಿಯಲ್ಲಿ ನಮ್ಮ ತಂಡ ನಿಜವಾಗಿಯೂ ಇಸ್ಲಾಮಾಬಾದ್‌ಗೆ ಹೋಯಿತು. ಡೇವಿಸ್ ಕಪ್‌ಗಾಗಿ ನಮ್ಮವರು ಆ ದೇಶಕ್ಕೆ ಕಾಲಿಟ್ಟದ್ದು 60 ವರ್ಷಗಳ ಮೇಲೆ. ಅವರು ಹುಲ್ಲಿನ ಕೋರ್ಟ್ ಕೊಟ್ಟರು, ಅವರಿಗೆ ಅದೇ ಬಲ. ನಮ್ಮವರು ಅದರ ಮೇಲೂ 4-0 ಗೆದ್ದು ಬಂದರು. ಅದೇ ಸ್ಕೋರು. ಆದರೆ ಎರಡನೆಯದನ್ನು ಪತ್ರಿಕೆಗಳು ಹುಡುಕಿ ಹುಡುಕಿ ಬರೆದವು.

ಹಾಗಂತ ಹೊರಗೆ ಗೆದ್ದದ್ದನ್ನು ನಾನು ಹಗುರ ಮಾಡುವವನಲ್ಲ. 1993ರಲ್ಲಿ ಲಿಯಾಂಡರ್ ಪೇಸ್ ಮತ್ತು ರಮೇಶ್ ಫ್ರಾನ್ಸಿನ ಫ್ರೇಜುಸ್‌ನಲ್ಲಿ, ಅವರದೇ ಮಣ್ಣಿನಲ್ಲಿ ಫ್ರಾನ್ಸ್ ತಂಡವನ್ನು ಮುಗಿಸಿದರು. ಯುರೋಪಿನ ತಂಡವೊಂದನ್ನು ಅದರ ಮನೆಯಲ್ಲೇ ಮತ್ತೆ ಸೋಲಿಸಲು ನಮಗೆ 2025ರ ಸೆಪ್ಟೆಂಬರ್ ಬರಬೇಕಾಯಿತು. ಸ್ವಿಟ್ಜರ್‌ಲೆಂಡಿನ ಬೀಲ್ ಊರಿನಲ್ಲಿ 3-1. ಸುಮಿತ್ ನಾಗಲ್ ಎರಡು ಪಂದ್ಯ ಗೆದ್ದರು, ಮೊದಲ ಸಲ ಡೇವಿಸ್ ಕಪ್ ಆಡಿದ ಮದುರೈ ಹುಡುಗ ದಕ್ಷಿಣೇಶ್ವರ್ ಸುರೇಶ್ ಒಂದು. ಇದು ಯಾಕೆ ಅಷ್ಟು ರುಚಿಯಾಗಿತ್ತು ಹೇಳಿ? ಅದು ಸ್ವಿಸ್ಸರ ಮನೆ ಆಗಿದ್ದರಿಂದ. ಯಾರ ಮನೆಯೂ ಅಲ್ಲದ ಕಡೆ ಗೆದ್ದಿದ್ದರೆ ಅದೂ ಇನ್ನೊಂದು ಸ್ಕೋರ್ ಅಷ್ಟೆ.

ನಾನು ಒಂದೇ ಒಂದು ಡೇವಿಸ್ ಕಪ್ ಕಣ್ಣಾರೆ ನೋಡಿದ್ದೇನೆ. 2014ರ ಸೆಪ್ಟೆಂಬರ್, ಬೆಂಗಳೂರು, ಸರ್ಬಿಯಾ ಎದುರು. ಕಡೂರು, ತಿಪಟೂರು ದಾಟಿ ಕೆಂಪು ಬಸ್ಸಿನಲ್ಲಿ ಹೋಗಿದ್ದೆ. ಮೊದಲ ದಿನ ಭಾರತ 0-2. ಶನಿವಾರ ಡಬಲ್ಸ್‌ನಲ್ಲಿ ಪೇಸ್ ಮತ್ತು ರೋಹನ್ ಬೋಪಣ್ಣ ಮೊದಲ ಎರಡು ಸೆಟ್ ಕಳೆದುಕೊಂಡರು. ಪಕ್ಕದವರು ಟಿಫನ್ ಡಬ್ಬಿ ಮುಚ್ಚಿ ಎದ್ದಿದ್ದರು. ಆಮೇಲೆ ಮೂರು ಸೆಟ್ ಒಂದರ ಹಿಂದೆ ಒಂದು ನಮ್ಮವರದ್ದು. ಕೊಡಗಿನ ಕಾಫಿ ಬೆಳೆಗಾರರ ಮನೆ ಹುಡುಗ ಸರ್ವ್ ಮಾಡಿದಾಗ ನಮ್ಮ ಸಾಲಿನವರೆಲ್ಲ ನೆಂಟರ ಹುಡುಗನೇ ಆಡುತ್ತಿದ್ದಾನೆ ಅನ್ನುವ ಹಾಗೆ ಕಿರುಚಿದರು. ಭಾನುವಾರ ಸೋಮ್‌ದೇವ್ ದೇವ್‌ವರ್ಮನ್ ಐದು ಸೆಟ್ ಆಡಿ 2-2 ಮಾಡಿದರು. ಮಳೆ ಬಂದು ಕೊನೆಯ ಪಂದ್ಯ ಸೋಮವಾರಕ್ಕೆ ಹೋಯಿತು, ನಾವು ಸೋತೆವು. ಆ ಸೋಲು ನೋಡಲು ನಾನಿರಲಿಲ್ಲ, ಪ್ರೂಫ್ ನೋಡಲು ಊರಿಗೆ ಬಂದಿದ್ದೆ. ಮೂರು ಸೆಟ್‌ಗಳ ನಿಯಮದಲ್ಲಿ ಶನಿವಾರವೇ ಎಲ್ಲ ಮುಗಿದಿರುತ್ತಿತ್ತು ಮೇಷ್ಟ್ರೇ. ಎರಡು ಸೆಟ್ ಹೋಯಿತು, ಎದ್ದು ನಡೀರಿ ಅಂತ.

ಈಗ ಟೆನಿಸ್ ಬಿಟ್ಟು ನಮ್ಮ ಕಡೆಗೆ ಬರೋಣ. ನನ್ನ ಹೊಟ್ಟೆನೋವು ಇರುವುದೇ ಇಲ್ಲಿ. ಒಂದೇ ಊರಿನಲ್ಲಿ ಆಡಿಸಿ ಮುಗಿಸುವ ಚಟ ಡೇವಿಸ್ ಕಪ್‌ಗೆ ಮಾತ್ರ ಅಂಟಿದ್ದಲ್ಲ. ನಮ್ಮಲ್ಲಿ ಎಲ್ಲವೂ ಬೆಂಗಳೂರಿನಲ್ಲೇ ಆಗಬೇಕು. ಆಯ್ಕೆ ಅಲ್ಲಿ, ಕೋಚಿಂಗ್ ಅಲ್ಲಿ, ಪಂದ್ಯ ಅಲ್ಲಿ. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತಕ್ಕೆ ಕ್ರಿಕೆಟ್ ಆಡಿದರು, ನಮಗೆಲ್ಲ ಹೆಮ್ಮೆ. ಆದರೆ ಆಟ ಕಲಿಯಲು ಚಿಕ್ಕ ವಯಸ್ಸಿನಲ್ಲೇ ಬೆಂಗಳೂರಿಗೆ ಹೋಗಬೇಕಾಯಿತು. ನಿಮ್ಮ ಜಿಲ್ಲೆಯ ಜಾವಗಲ್ ಊರಿನ ಹೆಸರನ್ನು ಶ್ರೀನಾಥ್ ಲೋಕಕ್ಕೆಲ್ಲ ಹೊತ್ತು ಹೋದರು, ಬೌಲಿಂಗ್ ಪಳಗಿದ್ದು ಮಾತ್ರ ಮೈಸೂರಿನಲ್ಲಿ. ಹಿತ್ತಲ ಗಿಡ ಮದ್ದಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ನಿಮ್ಮ ಪತ್ರದಲ್ಲೂ ಅದೇ ದನಿ ಕೇಳಿಸಿತು, ಅದಕ್ಕೇ ನನಗೆ ಇಷ್ಟು ಕೋಪ.

ಚಿಕ್ಕಮಗಳೂರಿನಲ್ಲಿ ಟೆನಿಸ್ ಹೊಸದಲ್ಲ. ಬಿಳಿಯರ ಕಾಲದ ಎಸ್ಟೇಟ್ ಬಂಗಲೆಗಳ ಮುಂದೆ ಮಣ್ಣಿನ ಕೋರ್ಟ್ ಇರುತ್ತಿತ್ತು. ಮಲ್ಲಂದೂರು ಕಡೆ ಒಂದು ತೋಟದಲ್ಲಿ ಅಂಥ ಕೋರ್ಟನ್ನು ನಾನೇ ನೋಡಿದ್ದೇನೆ. ನೆಟ್ ಕಟ್ಟುವ ಕಂಬಗಳು ಹಾಗೇ ನಿಂತಿವೆ, ನೆಲವೆಲ್ಲ ಕಾಫಿ ಕಣ. ಚೆರ್ರಿ ಒಣಗಿಸಲು ಅಷ್ಟು ಸಮತಟ್ಟು ಜಾಗ ಬೇರೆ ಸಿಗುವುದಿಲ್ಲ ಅಂದರು ಸಾಹುಕಾರರು. ಅವರನ್ನು ನಾನು ಬೈಯುವುದಿಲ್ಲ, ತೋಟ ಅವರದ್ದು. ಬೈಯಬೇಕಾದ್ದು ಬೇರೆಯವರನ್ನು. ಶಾಲೆ ಮಕ್ಕಳಿಗೆ ಎರಡು ದಿನದ ಟೂರ್ನಿ ಮಾಡೋಣ ಎಂದು ಕೋರ್ಟ್ ಕೇಳಲು ಒಂದು ಕಚೇರಿಗೆ ಹೋಗಿದ್ದೆ. ಮೈದಾನ ಯಾವುದೋ ಸಮಾವೇಶಕ್ಕೆ ಬುಕ್ ಆಗಿದೆ, ಪೆಂಡಾಲ್ ಬಿಚ್ಚಲು ವಾರ ಬೇಕು ಅಂದರು. ಆಮೇಲೆ ಒಂದು ಕ್ಲಬ್ಬಿಗೆ ಹೋದೆ. ಮೆಂಬರ್ ಅಲ್ಲದವರ ಮಕ್ಕಳಿಗೆ ಇಲ್ಲ ಅಂದರು. ಆ ಕೋರ್ಟಿನ ಮೇಲೆ ಆಗ ಒಬ್ಬರೂ ಆಡುತ್ತಿರಲಿಲ್ಲ, ಒಂದು ನಾಯಿ ಮಲಗಿತ್ತು. ಅದು ಮೆಂಬರ್ ಇರಬೇಕು.

ಇಂಥ ಊರಿನಲ್ಲಿ ಕೂತು ಮನೆಯಂಗಳದ ಗೆಲುವು ಗೆಲುವಲ್ಲ ಅನ್ನುವುದು ನನ್ನ ಕೈಲಿ ಆಗುವುದಿಲ್ಲ. ನಮಗೆ ಮೊದಲು ಅಂಗಳ ಬೇಕು. ಎದುರಾಳಿ ಇಲ್ಲಿಗೇ ಬರಬೇಕು, ನಮ್ಮ ಮಕ್ಕಳು ಬೇಲಿಗೆ ಒರಗಿ ನೋಡಬೇಕು. 1966ರಲ್ಲಿ ಕಲ್ಕತ್ತಾದಲ್ಲಿ ರಮೇಶ್ ಅವರ ಅಪ್ಪ ರಾಮನಾಥನ್ ಕೃಷ್ಣನ್ ಬ್ರೆಜಿಲ್‌ನ ಥಾಮಸ್ ಕಾಕ್ ಎದುರು ಸೆಟ್‌ಗಳಲ್ಲಿ 1-2 ಹಿಂದೆ, ನಾಲ್ಕನೆಯ ಸೆಟ್‌ನಲ್ಲಿ 2-5 ಹಿಂದೆ ಇದ್ದು ಗೆದ್ದರು. ಅದನ್ನು ನೋಡಿದ ಕಲ್ಕತ್ತಾದವರು ಮಕ್ಕಳು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದರು. ಟಿವಿಯಲ್ಲಿ ನೋಡಿದ್ದನ್ನು ಯಾರು ಹಾಗೆ ಹೇಳುತ್ತಾರೆ?

ನೀವು 30 ವರ್ಷ ಸೀಟಿ ಊದಿದವರು ಅಂತ ಪತ್ರದಲ್ಲೇ ಬರೆದಿದ್ದೀರಿ. ನಿಮ್ಮಂಥವರು ಸುಮ್ಮನೆ ಕೂರಬಾರದು. ಹಾಸನದಲ್ಲಿ ನಿಮ್ಮ ಹಳೇ ಶಿಷ್ಯರು ಬೇಕಾದಷ್ಟು ಇದ್ದಾರಲ್ವಾ? ಅವರ ಮಕ್ಕಳನ್ನು ಕಲೆಹಾಕಿ ಒಂದು ತಂಡ ಕಟ್ಟಿ. ಇಲ್ಲಿ ನಾನೂ ಒಂದು ತಂಡ ಕಟ್ಟುತ್ತೇನೆ. ಕೊಯ್ಲು ಮುಗಿದ ಮೇಲೆ ಮಾರ್ಚ್‌ನಲ್ಲಿ ಆಡೋಣ. ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್, ಹಳೇ ಪದ್ಧತಿ. ಮೊದಲನೆಯದು ನಿಮ್ಮೂರಿನಲ್ಲೇ ಆಗಲಿ, ಸಿಮೆಂಟೋ ಮಣ್ಣೋ ನೀವೇ ಆರಿಸಿ. ಮುಂದಿನ ವರ್ಷ ನೀವು ಇಲ್ಲಿಗೆ ಬರಬೇಕು, ಅಷ್ಟರಲ್ಲಿ ನಾನು ಕೋರ್ಟ್ ಹುಡುಕಿರುತ್ತೇನೆ. ಲೈನ್ ಅಂಪೈರ್‌ಗಳು ಬೇಕಾದರೆ ನಿಮ್ಮವರೇ ಇರಲಿ, ನಾವು ಬುಕಾರೆಸ್ಟ್ ಅಂದುಕೊಂಡು ಬರುತ್ತೇವೆ.

- ಸಂಪಾದಕ