ನೋವು ನುಂಗಿಕೊಂಡರೆ ಬೆರಳು ಪಳಗುವುದಿಲ್ಲ

ಪಿಯಾನೊ, ಕೀಬೋರ್ಡ್ ನುಡಿಸುವಾಗ ಬರುವ ಕೈನೋವಿನ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಪಿಯಾನೊ ಶಿಕ್ಷಕರೂ ಫಿಸಿಯೋಥೆರಪಿಸ್ಟರೂ ಸೇರಿ ಕೊಟ್ಟ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಮಗಳಿಗೆ 13 ವರ್ಷ. ಪಿಯಾನೊ ಐದನೇ ಗ್ರೇಡ್ ಪರೀಕ್ಷೆ ಹತ್ತಿರ ಬಂತೆಂದು, ದಿನಕ್ಕೆ ಮುಕ್ಕಾಲು ಗಂಟೆ ಇದ್ದ ಅಭ್ಯಾಸವನ್ನು ಎರಡು ಗಂಟೆಗೆ ಏರಿಸಿದ್ದಾಳೆ. ಈಗ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ನೋವು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರೂ ಚುಚ್ಚುತ್ತದಂತೆ. ‘ರೂಢಿಯಾದರೆ ಸರಿಹೋಗುತ್ತೆ’ ಅಂತಾರೆ ಅವಳ ಮೇಷ್ಟ್ರು. ಮುಲಾಮು ಹಚ್ಚಿಕೊಂಡು ನುಡಿಸಬಹುದೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಬೇಡ. ಬಲಗೈ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಹೊಸದಾಗಿ ಕಲಿಯುವವರಿಗೆ ಮುಂಗೈ ಸ್ವಲ್ಪ ದಣಿದು, ಅರ್ಧ ಗಂಟೆಯಲ್ಲಿ ಸರಿಹೋಗುವುದು ಬೇರೆ. ಬಾಟಲಿ ತೆರೆಯುವಾಗಲೂ ಚುಚ್ಚುವ ನೋವು ಬೇರೆ. ಅದನ್ನು ಸಹಿಸಿಕೊಂಡಷ್ಟೂ ಬೇರೂರುತ್ತದೆ. ಮುಲಾಮೋ ಮಾತ್ರೆಯೋ ನೋವನ್ನು ಮರೆಮಾಡಿದರೆ ಎಲ್ಲಿ ನಿಲ್ಲಿಸಬೇಕೆಂಬುದೇ ಮಗುವಿಗೆ ತಿಳಿಯುವುದಿಲ್ಲ.

ಹೆಬ್ಬೆರಳನ್ನು ಎತ್ತುವ, ಹೊರಕ್ಕೆ ಚಾಚುವ ಎರಡು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳು) ಮಣಿಕಟ್ಟಿನ ಪಕ್ಕದಲ್ಲಿ ಕಿರಿದಾದ ಒಂದು ಕವಚದೊಳಗೆ ಹಾದುಹೋಗುತ್ತವೆ. ಅಲ್ಲಿ ತಿಕ್ಕಾಟ ಹೆಚ್ಚಾದರೆ ಕವಚ ದಪ್ಪಗಾಗಿ, ಜಾಗ ಇನ್ನಷ್ಟು ಇಕ್ಕಟ್ಟಾಗುತ್ತದೆ. ಡಾಕ್ಟರುಗಳು ಡಿ ಕ್ವೆರ್ವೇನ್ ಎನ್ನುವ ತೊಂದರೆ ಇದು. ನೀವು ಹೇಳಿದ ಜಾಗ, ಲಕ್ಷಣ ಎರಡೂ ಅದಕ್ಕೆ ಹೊಂದುತ್ತವೆ. ಖಚಿತಪಡಿಸಬೇಕಾದವರು ಮಾತ್ರ ಮೂಳೆ ಡಾಕ್ಟರು. ವಿಶ್ರಾಂತಿ ಕೊಟ್ಟೂ ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಊತ ಅಥವಾ ಜೋಮು ಕಂಡರೆ ಅದಕ್ಕೂ ಮೊದಲೇ, ತೋರಿಸಿ. ಅಲ್ಲಿಯವರೆಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಹತ್ತು ನಿಮಿಷ ಇಡಬಹುದು. ಹೆಬ್ಬೆರಳಿನಲ್ಲಿ ಮೊಬೈಲ್ ಟೈಪ್ ಮಾಡುವುದನ್ನೂ ನಿಲ್ಲಿಸಬೇಕು. ಎರಡು ಕೆಲಸಕ್ಕೂ ದುಡಿಯುವುದು ಅದೇ ರಜ್ಜುಗಳು.

ಈ ನೋವಿಗೆ ಸಾಮಾನ್ಯವಾಗಿ ದಾರಿಯಾಗುವುದು ಸ್ಕೇಲ್, ಅಂದರೆ ಸ್ವರಗಳನ್ನು ಒಂದಾದ ಮೇಲೊಂದು ಏರಿಸಿ ಇಳಿಸಿ ನುಡಿಸುವ ಅಭ್ಯಾಸ. ಬಲಗೈಯಲ್ಲಿ ಸಿ ಮೇಜರ್ ಏರುವಾಗ ಮೂರನೇ ಬೆರಳು (ಹೆಬ್ಬೆರಳೇ ಒಂದನೆಯದು) ‘ಇ’ ಕೀ ಮೇಲಿದ್ದು, ಹೆಬ್ಬೆರಳು ‘ಎಫ್’ಗೆ ಹೋಗಬೇಕು. ‘ಹೆಬ್ಬೆರಳನ್ನು ಅಂಗೈ ಅಡಿಗೆ ನುಗ್ಗಿಸು’ ಎಂದು ಕಲಿಸಿದ ಮಕ್ಕಳು ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ತಿರುಚಿ, ಹೆಬ್ಬೆರಳನ್ನು ಎಳೆಯುತ್ತಾರೆ. ಕವಚದೊಳಗೆ ರಜ್ಜು ಅತಿ ಹೆಚ್ಚು ತಿಕ್ಕುವುದು ಆ ಭಂಗಿಯಲ್ಲಿಯೇ. ಬದಲಿಗೆ ಇಡೀ ಮುಂಗೈ ಬಲಕ್ಕೆ ಸರಿಯಲಿ, ಮೊಣಕೈ ಸ್ವಲ್ಪ ಹೊರಗೆ ಬರಲಿ. ಹೆಬ್ಬೆರಳು ತೋರುಬೆರಳಿನ ಪಕ್ಕದಲ್ಲೇ ಇದ್ದು, ಕೈ ಸಾಗಿದ ಮೇಲೆ ‘ಎಫ್’ ಮೇಲೆ ಇಳಿಯಲಿ. ವೇಗ ಹೆಚ್ಚಿದಾಗ ಹೆಬ್ಬೆರಳು ಅಡಿಗೆ ಹೋಗುವ ಅಗತ್ಯವೇ ಇಲ್ಲ. ಕೈಯೇ ಜಾಗ ಬದಲಿಸುತ್ತದೆ. ನಡುವಿನ ಸಣ್ಣ ಬಿರುಕು ಆ ವೇಗದಲ್ಲಿ ಕಿವಿಗೆ ಬೀಳುವುದಿಲ್ಲ. ಪಿಯಾನೊ ವಾದಕ, ಸಂಗೀತ ರಚನಕಾರ ಶೋಪೆನ್ ತಮ್ಮ ಶಿಷ್ಯರಿಗೆ ಮೊದಲು ಕೊಡುತ್ತಿದ್ದ ಸ್ಥಾನ ಸಿ ಮೇಜರ್‌ನದಲ್ಲ. ಇ, ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ. ಉದ್ದನೆಯ ಮೂರು ಬೆರಳು ಕಪ್ಪು ಕೀಗಳ ಮೇಲೆ, ಗಿಡ್ಡ ಬೆರಳುಗಳೆರಡು ಬಿಳಿ ಕೀಗಳ ಮೇಲೆ. ಕೈ ತಿರುಚದೆ ಕೂರುವ ಜಾಗ ಅದು. ಮಗಳು ಮತ್ತೆ ಶುರುಮಾಡುವಾಗ ಇಲ್ಲಿಂದಲೇ ಶುರುಮಾಡಲಿ.

ಯಾವಾಗ ಶುರು? ದಿನನಿತ್ಯದ ಕೆಲಸದಲ್ಲಿ ನೋವು ಪೂರ್ತಿ ಹೋದ ಮೇಲೆ. ಮೊದಲ ದಿನ ಐದು ನಿಮಿಷದಂತೆ ಎರಡು ಸಲ, ನಿಧಾನವಾಗಿ, ಮೆಲ್ಲನೆ. ಮರುದಿನ ಬೆಳಿಗ್ಗೆ ಎದ್ದಾಗ ನೋವಿಲ್ಲದಿದ್ದರೆ ಒಂದೊಂದು ಸಲಕ್ಕೂ ಐದು ನಿಮಿಷ ಸೇರಿಸಿ. ನೋವಿದ್ದರೆ ಒಂದು ದಿನ ಬಿಟ್ಟು, ಹಿಂದಿನ ಅಳತೆಗೆ ಇಳಿಸಿ. ವೇಗದ ಸ್ಕೇಲ್, ಆಕ್ಟೇವ್ (ಒಂದು ಸ್ವರದಿಂದ ಅದೇ ಹೆಸರಿನ ಮುಂದಿನ ಸ್ವರದವರೆಗಿನ ಅಂತರ) ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಎಡಗೈ ಭಾಗ, ಥಿಯರಿ, ಸ್ವರಗಳನ್ನು ಕೇಳಿ ಗುರುತಿಸುವ ಕಿವಿ ಪರೀಕ್ಷೆಯ ತಯಾರಿ ನಡೆಯಲಿ. ಸ್ವರಲಿಪಿ ನೋಡಿ ಮನಸ್ಸಿನಲ್ಲೇ ನುಡಿಸಿ ಬಾಯಿಪಾಠ ಮಾಡಲಿ. ತಯಾರಿ ಸಾಲದಿದ್ದರೆ ಪರೀಕ್ಷೆಯನ್ನು ಮುಂದಿನ ಸಲಕ್ಕೆ ಹಾಕಿ. ಮೇಷ್ಟ್ರಿಗೆ ಇದನ್ನು ನೀವೇ ಹೇಳಿ, ಆ ಭಾರವನ್ನು ಮಗುವಿನ ಮೇಲೆ ಹಾಕಬೇಡಿ.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ, ದಿನವಿಡೀ ಲ್ಯಾಪ್‌ಟಾಪ್. 61 ಕೀ ಕೀಬೋರ್ಡ್ ಬಿಟ್ಟು ಈಗ 88 ಕೀಗಳ, ಭಾರವಾದ ಕೀ ಇರುವ ಡಿಜಿಟಲ್ ಪಿಯಾನೊ ಕೊಂಡಿದ್ದೇನೆ. ಡೈನಿಂಗ್ ಟೇಬಲ್ ಮೇಲಿಟ್ಟು ರಾತ್ರಿ ಒಂದು ಗಂಟೆ ನುಡಿಸುತ್ತೇನೆ. ಎರಡೂ ಮುಂಗೈ ಉರಿಯುತ್ತವೆ. ಬೆರಳಿಗೆ ಬಲ ಬರಲು ಸ್ಪ್ರಿಂಗ್ ಗ್ರಿಪ್ಪರ್ ಒತ್ತಲೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಗ್ರಿಪ್ಪರ್ ಬೇಡವೇ ಬೇಡ. ಪಿಯಾನೊದ ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ಭಾರ ಸಾಕು, ಇಳಿಯುವ ಆಳ ಸುಮಾರು 10 ಮಿಲಿಮೀಟರ್. ನಿಮಗೆ ಬಲ ಸಾಲದೆ ಬಂದ ನೋವಲ್ಲ ಇದು, ಒತ್ತಿದ ಬಲವನ್ನು ಬಿಡದೆ ಇರುವುದರಿಂದ ಬಂದದ್ದು. ಬೆರಳು ಮಡಚುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲಿ. ಸೂತ್ರದ ಗೊಂಬೆಯ ದಾರದ ಹಾಗೆ ರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಬೆರಳು ಬಿಗಿದರೆ ಮುಂಗೈ ಉರಿಯುವುದು ಅದಕ್ಕೇ.

ಮೊದಲು ಟೇಪ್ ಹಿಡಿಯಿರಿ. ಪಿಯಾನೊದಲ್ಲಿ ಬಿಳಿ ಕೀಗಳ ಮೇಲ್ಮೈ ನೆಲದಿಂದ 72–74 ಸೆಂಟಿಮೀಟರ್ ಎತ್ತರ. ಡೈನಿಂಗ್ ಟೇಬಲ್ಲೇ ಸುಮಾರು 75. ಅದರ ಮೇಲೆ ವಾದ್ಯ ಇಟ್ಟರೆ ಕೀಗಳು 83–85ಕ್ಕೆ ಏರುತ್ತವೆ. ಊಟದ ಕುರ್ಚಿಯಲ್ಲಿ ಕೂತರೆ ಮೊಣಕೈ ಕೀಗಳಿಗಿಂತ ಎಷ್ಟೋ ಕೆಳಗೆ, ಭುಜ ಕಿವಿಯ ಹತ್ತಿರ, ಮಣಿಕಟ್ಟು ಮೇಲಕ್ಕೆ ಬಾಗಿ! ಎತ್ತರ ಹೊಂದಿಸಬಹುದಾದ ಸ್ಟ್ಯಾಂಡ್ ತನ್ನಿ. ಕೈ ಇಳಿಬಿಟ್ಟು ಕೂತು ಮುಂಗೈ ಎತ್ತಿದಾಗ ಮೊಣಕೈ ಬಿಳಿ ಕೀಗಳ ಮಟ್ಟದಲ್ಲಿರಬೇಕು, ಅಥವಾ ಒಂದೆರಡು ಸೆಂಟಿಮೀಟರ್ ಮೇಲೆ. ಕೈಯಿರುವ ಕುರ್ಚಿ ಬೇಡ; ಆಸನದ ಮುಂದಿನ ಅರ್ಧದಲ್ಲಿ ಕೂತು, ಪಾದ ಪೂರ್ತಿ ನೆಲಕ್ಕೆ ಊರಿ. ತೋಳು ನೀಟಾಗಿ ಚಾಚಿದಾಗ ಮುಷ್ಟಿ ಕೀಗಳ ಹಿಂದಿನ ಹಲಗೆಗೆ ತಾಗುವಷ್ಟು ದೂರ ಸರಿಯಾದದ್ದು.

ರಾತ್ರಿ ಅಕ್ಕಪಕ್ಕದವರಿಗೆ ತೊಂದರೆಯಾಗದಿರಲೆಂದು ವಾಲ್ಯೂಮ್ ಇಳಿಸಿದ್ದೀರಾ? ಅಪಾರ್ಟ್‌ಮೆಂಟ್‌ಗಳಲ್ಲಿ ಕೈ ಕೆಡಿಸುವುದರಲ್ಲಿ ಇದೂ ಒಂದು. ದನಿ ಕೇಳದಿದ್ದರೆ ಕೈ ತಾನಾಗಿ ಜೋರಾಗಿ ಹೊಡೆಯುತ್ತದೆ. ಹೆಡ್‌ಫೋನ್ ಹಾಕಿ ದನಿಯನ್ನು ಕಿವಿಗೆ ಹಿತವಾಗುವಷ್ಟು ಏರಿಸಿ, ಟಚ್ ಸೆಟ್ಟಿಂಗ್ ಇದ್ದರೆ ಲೈಟ್‌ಗೆ ಹಾಕಿ.

ಇನ್ನು ಬಿಗಿ ಬಿಡುವ ಅಭ್ಯಾಸ. ಒಂದು ಕೀ ನುಡಿಸಿ, ಹಿಡಿದಿರಿ. ನಾದ ಹೊರಟಾಯಿತು, ಅದರ ಮೇಲೆ ಎಷ್ಟೇ ಒತ್ತಿದರೂ ದನಿ ಬದಲಾಗದು. ಕೀ ಮೇಲೇಳದ ಹಾಗೆ ತಡೆಯುವಷ್ಟು ಭಾರ ಮಾತ್ರ ಉಳಿಸಿ, ಉಳಿದದ್ದನ್ನೆಲ್ಲ ಬಿಡಿ. ಇನ್ನೊಂದು ಕೈಯಿಂದ ಮುಂಗೈ ಮುಟ್ಟಿ ನೋಡಿದರೆ ಮೆತ್ತಗಾಗಿರಬೇಕು. ಐದೂ ಬೆರಳಿನಲ್ಲಿ ಒಂದೊಂದಾಗಿ, ಮೂರು ನಾಲ್ಕು ನಿಮಿಷ, ದಿನವೂ ಅಭ್ಯಾಸಕ್ಕೆ ಮುನ್ನ. ಉಂಗುರ ಬೆರಳನ್ನು ಒಂಟಿಯಾಗಿ ಎತ್ತರಕ್ಕೆ ಎತ್ತುವ ವ್ಯಾಯಾಮ ಬಿಟ್ಟುಬಿಡಿ. ಬೆರಳು ಎತ್ತುವ ರಜ್ಜುಗಳು ಕೈಯ ಹಿಂಬದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ, ಅದು ದೇಹದ ರಚನೆ. ಬೆರಳನ್ನು ಎತ್ತರಕ್ಕೆ ಎತ್ತಿ ನುಡಿಸಿ ಎನ್ನುವ, ಪಿಯಾನೊ ಅಭ್ಯಾಸ ಪುಸ್ತಕ ಬರೆದ ಹ್ಯಾನನ್‌ನ ಹಳೆಯ ಸೂಚನೆಯನ್ನು ಇಂದು ಅಕ್ಷರಶಃ ಪಾಲಿಸುವುದು ಬೇಕಿಲ್ಲ.

ಲ್ಯಾಪ್‌ಟಾಪ್ ಕೀಲಿಮಣೆಯ ಎಂಟು ಗಂಟೆಯೂ ನಿಮ್ಮ ಕೈ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಆಫೀಸು ಮುಗಿದ ಅರ್ಧ ಗಂಟೆ ಕೈಗೆ ಬಿಡುವು ಕೊಡಿ, ಆಮೇಲೆ 20 ನಿಮಿಷ ನುಡಿಸಿ ಐದು ನಿಮಿಷ ಎದ್ದು ಓಡಾಡಿ.

ಪ್ರಶ್ನೆ: ನನ್ನ ಕೈ ಚಿಕ್ಕದು. ಆಕ್ಟೇವ್ ಮುಟ್ಟುವುದೇ ಕಷ್ಟ, ನುಡಿಸಿದ ಮೇಲೆ ಅಂಗೈ ಜಗ್ಗಿದಂತೆ ನೋವು. ಬೆರಳ ನಡುವೆ ಕಾರ್ಕ್ ಇಟ್ಟು ಹಿಗ್ಗಿಸಿದರೆ ಅಗಲವಾಗುತ್ತದೆಯೇ?
– ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೂಳೆ ಉದ್ದವಾಗುವುದಿಲ್ಲ, ಕೀಲುಗಳ ಅಸ್ಥಿಬಂಧ (ಲಿಗಮೆಂಟ್) ಸಡಿಲವಾಗಬಹುದು, ಅಷ್ಟೇ. ಸಂಗೀತ ರಚನಕಾರ ರಾಬರ್ಟ್ ಶೂಮನ್ 1830ರ ದಶಕದ ಆರಂಭದಲ್ಲಿ ಬೆರಳು ಪಳಗಿಸಲು ಯಂತ್ರವೊಂದನ್ನು ಬಳಸಿದ್ದರು. ಅದೊಂದೇ ಕಾರಣವೇ ಎಂಬ ಚರ್ಚೆ ಇಂದಿಗೂ ಇದೆ, ಆದರೆ ಬಲಗೈ ಕೆಟ್ಟು ಅವರು ಪಿಯಾನೊ ವಾದಕರಾಗುವ ಆಸೆಯನ್ನೇ ಬಿಡಬೇಕಾಯಿತು.

ತೊಂದರೆ ನಿಮ್ಮ ಕೈಯದಲ್ಲ. ಇಂದಿನ ಪಿಯಾನೊದ ಒಂದು ಆಕ್ಟೇವ್ ಸುಮಾರು 16.5 ಸೆಂಟಿಮೀಟರ್ ಅಗಲ, ಚಿಕ್ಕ ಕೈಗಳಿಗೆ ಅದು ಹೆಚ್ಚೇ. ಪ್ರಸಿದ್ಧ ವಾದಕ ಜೋಸೆಫ್ ಹಾಫ್‌ಮನ್‌ಗೆ ಸ್ಟೈನ್‌ವೇ ಕಂಪನಿ ಕೀಗಳನ್ನು ತುಸು ಕಿರಿದಾಗಿಸಿ ಪಿಯಾನೊ ಮಾಡಿಕೊಟ್ಟಿತ್ತು. ಒಂದು ಆಕ್ಟೇವ್ 6 ಅಥವಾ 5.5 ಇಂಚು ಮಾತ್ರ ಇರುವ ಕೀಲಿಮಣೆಗಳೂ ಇವೆ.

ನಿಮ್ಮ ಮನೆಯ ವಾದ್ಯದಲ್ಲಿ ಮಾಡಬೇಕಾದದ್ದು: ಪ್ರತಿ ಆಕ್ಟೇವ್ ಆದ ಕೂಡಲೇ ಕೈ ಮುಚ್ಚಿ ಸಹಜ ಅಳತೆಗೆ ಬರಲಿ, ಮುಂದಿನದಕ್ಕೆ ಮತ್ತೆ ತೆರೆಯಲಿ. ನೋವಿನ ಮೂಲ ಆಕ್ಟೇವ್‌ಗಿಂತ ಹೆಚ್ಚಾಗಿ ನಡುವೆಯೂ ಕೈಯನ್ನು ಚಾಚಿಯೇ ಇಡುವುದರಲ್ಲಿದೆ. ಕಪ್ಪು ಕೀ ಮೇಲೂ ನಾಲ್ಕನೇ ಬೆರಳಿನ ಗೋಜಿಗೆ ಹೋಗದೆ ಐದನೆಯದನ್ನೇ ಬಳಸಿ. ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್ ಬಂದರೆ ನಡುವಿನ ಒಂದು ಸ್ವರ ಬಿಡಿ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಉರುಳಿಸಿ, ಇಲ್ಲವೇ ಇನ್ನೊಂದು ಕೈಗೆ ಕೊಡಿ. ಆಕ್ಟೇವ್ ಸಾಲುಗಳಿರುವ ಪುಟವನ್ನು ಒಂದು ಹೊತ್ತಿಗೆ ಐದು ನಿಮಿಷಕ್ಕಿಂತ ಹೆಚ್ಚು ಅಭ್ಯಾಸ ಮಾಡಬೇಡಿ.

ಪ್ರಶ್ನೆ: ಭಾನುವಾರದ ಬಲಿಪೂಜೆಗೆ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನೋವೇನೂ ಇಲ್ಲ. ಆದರೆ ಬಲಗೈಯ ಕೊನೆಯ ಎರಡು ಬೆರಳು ನುಡಿಸುವಾಗ ಮಾತ್ರ ತಾವಾಗಿ ಒಳಕ್ಕೆ ಸುರುಟಿಕೊಳ್ಳುತ್ತವೆ. ಹೆಚ್ಚು ಅಭ್ಯಾಸ ಮಾಡಬೇಕೇ?
– ಒಬ್ಬ ಓದುಗರು, ಮಂಗಳೂರು

ಉತ್ತರ: ದಯವಿಟ್ಟು ಹೆಚ್ಚಿಸಬೇಡಿ. ನೋವಿಲ್ಲದೆ, ವಾದ್ಯದ ಮುಂದೆ ಮಾತ್ರ ಬೆರಳು ಸುರುಟುವುದು ಫೋಕಲ್ ಡಿಸ್ಟೋನಿಯಾ ಇರಬಹುದು. ಅದು ಮಿದುಳು ಬೆರಳಿಗೆ ಕೊಡುವ ಆಜ್ಞೆಯಲ್ಲಿನ ಗೊಂದಲ, ಸ್ನಾಯುವಿನ ದೌರ್ಬಲ್ಯವಲ್ಲ. ಪಟ್ಟು ಹಿಡಿದು ನುಡಿಸಿದರೆ ಗೊಂದಲ ಗಟ್ಟಿಯಾಗುತ್ತದೆ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್‌ಗೆ 1964ರಲ್ಲಿ ಆದದ್ದು ಇದೇ, ಇದೇ ಎರಡು ಬೆರಳು. ದಶಕಗಳ ಕಾಲ ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸುತ್ತ, ಪಾಠ ಹೇಳುತ್ತ ಇದ್ದು, 1990ರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದು ಮತ್ತಿತರ ಚಿಕಿತ್ಸೆಯಿಂದ ಎರಡೂ ಕೈಯಲ್ಲಿ ನುಡಿಸಲು ಮರಳಿದರು.

ಮೂಳೆ ಡಾಕ್ಟರಿಗಿಂತ ನರರೋಗ ತಜ್ಞರ ಹತ್ತಿರ ಹೋಗಿ. ನುಡಿಸುವಾಗ ಬೆರಳು ಸುರುಟುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ಒಯ್ಯಿರಿ. ಡಾಕ್ಟರ ಮೇಜಿನ ಮುಂದೆ ಕೈ ಸರಿಯಾಗಿಯೇ ಕಾಣುತ್ತದೆ, ‘ಏನೂ ಇಲ್ಲ’ ಎಂದು ಕಳಿಸಿಬಿಡುವ ಸಾಧ್ಯತೆ ಇದೆ. ಬೇರೆ ಓದುಗರಿಗೂ ಒಂದು ಮಾತು: ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು, ಕಿರುಬೆರಳು, ಉಂಗುರ ಬೆರಳಿನ ಜೋಮು ಮೊಣಕೈ ಕಡೆಯಿಂದ ಬಂದಿರಬಹುದು. ಯಾವ ಬೆರಳು, ಯಾವ ಹೊತ್ತು ಎಂದು ಬರೆದಿಟ್ಟುಕೊಂಡು ತೋರಿಸಿ.

ಪ್ರಶ್ನೆ: ಇಲ್ಲಿ ಚಳಿಗಾಲದಲ್ಲಿ ಕೈ ಮರಗಟ್ಟುತ್ತದೆ. ನುಡಿಸಲು ಕೂತ ಹತ್ತು ನಿಮಿಷಕ್ಕೇ ನೋವು.
– ಒಬ್ಬ ಓದುಗರು, ಟೊರಾಂಟೊ

ಉತ್ತರ: ಉಗುರುಬೆಚ್ಚಗಿನ ನೀರಿನಲ್ಲಿ ಮೊಣಕೈವರೆಗೆ ಮೂರು ನಾಲ್ಕು ನಿಮಿಷ ಇಟ್ಟು, ಚೆನ್ನಾಗಿ ಒರೆಸಿಕೊಳ್ಳಿ. ಬೆರಳಷ್ಟೇ ಬೆಚ್ಚಗಾದರೆ ಸಾಲದು, ಬೆರಳು ಆಡಿಸುವ ಸ್ನಾಯು ಮುಂಗೈಯಲ್ಲಿದೆ. ತೋಳು ತುಂಬ ಮುಚ್ಚುವ, ಮಣಿಕಟ್ಟಿನಲ್ಲಿ ಬಿಗಿಯದ ಸ್ವೆಟರ್ ಹಾಕಿ. ಮೊದಲ ಹತ್ತು ನಿಮಿಷ ನಿಮಗೆ ಚೆನ್ನಾಗಿ ಬರುವ ನಿಧಾನದ ಪೀಸ್ ಒಂದನ್ನು ಮೆಲ್ಲಗೆ ನುಡಿಸಿ. ಚಳಿಗೆ ಬೆರಳು ಬಿಳಿಚಿ, ಆಮೇಲೆ ನೀಲಿಯಾಗುತ್ತಿದ್ದರೆ ಅದು ರಕ್ತಸಂಚಾರದ ವಿಷಯ, ಡಾಕ್ಟರಿಗೆ ತೋರಿಸಿ.